ಎಂಬತ್ತರಾಚೆಯ ತಡವರಿಕೆ: ಒಂದು ಬಹುಶಿಸ್ತೀಯ ಅನುಸಂಧಾನ

ಅಧ್ಯಾಯ 1: ಸಮಸ್ಯೆಯ ತಾತ್ವಿಕ ನೆಲೆಗಟ್ಟು

ದ್ವಿಚಕ್ರೀಯ ಅಂತರ್ದಹನ ವಾಹನವೊಂದು ಗಂಟೆಗೆ 80 ಕಿಲೋಮೀಟರ್ ವೇಗದ ಆಸುಪಾಸಿನಲ್ಲಿ ಪ್ರಕಟಪಡಿಸುವ 'ವೇಗೋತ್ತರ ಸಂದಿಗ್ಧತೆ'ಯನ್ನು ಅದರ ಚಾರಿತ್ರಿಕ, ಸಾಂಸ್ಕೃತಿಕ ಹಾಗೂ ಯಾಂತ್ರಿಕ ಆಯಾಮಗಳಲ್ಲಿ ಮುಖಾಮುಖಿಯಾಗುವುದು ಪ್ರಸ್ತುತ ಪ್ರಬಂಧದ ವಿನಮ್ರ ಆಶಯವಾಗಿದೆ. ಲೋಕರೂಢಿಯಲ್ಲಿ ಇದಕ್ಕೆ 'ಗಾಡಿ ಮಿಸ್ ಹೊಡೀತಿದೆ' ಎನ್ನುತ್ತಾರೆ. ಲೋಕರೂಢಿಗೆ ಪಿಎಚ್.ಡಿ. ಕೊಡುವ ವಿಶ್ವವಿದ್ಯಾಲಯ ಇನ್ನೂ ಸ್ಥಾಪನೆಯಾಗಿಲ್ಲವಾದ್ದರಿಂದ ನಾವು ಮೊದಲಿನ ಪರಿಭಾಷೆಯನ್ನೇ ಅಂಗೀಕರಿಸಿದ್ದೇವೆ.

ಅಧ್ಯಯನದ ವ್ಯಾಪ್ತಿ: ಕಾರ್ಬ್ಯುರೇಟರ್ ಇರುವ, ನೂರೈವತ್ತು ಸಿಸಿಯ, ನಾಲ್ಕು ಸ್ಟ್ರೋಕಿನ ಒಂದು ಹಳೆಯ ಬೈಕು. ಅಧ್ಯಯನದ ಮಿತಿ: ಅದೇ ಬೈಕು. ಅಧ್ಯಯನದ ಉದ್ದೇಶ: ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲಿ ಹಿಂದಿನಿಂದ ಲಾರಿ ಹಾರ್ನ್ ಹೊಡೆದಾಗ ಗಾಡಿ ಮುಂದಕ್ಕೆ ಹೋಗಬೇಕು. ಈ ಮೂರನೆಯದನ್ನು ತೆಗೆದುಹಾಕುವಂತೆ ಮಾರ್ಗದರ್ಶಕರು ಸೂಚಿಸಿದರು. ಅದರಲ್ಲಿ ಸೈದ್ಧಾಂತಿಕತೆಯ ಕೊರತೆ ಇದೆಯಂತೆ. ಲಾರಿಯಲ್ಲಿ ಮಾತ್ರ ಯಾವ ಕೊರತೆಯೂ ಇರಲಿಲ್ಲ.

ಸಂದಿಗ್ಧತೆಯ ಸ್ವರೂಪ ಹೀಗಿದೆ. ನಲವತ್ತು, ಐವತ್ತು, ಅರವತ್ತರವರೆಗೆ ವಾಹನವು ವ್ಯವಸ್ಥೆಯೊಂದಿಗೆ ರಾಜಿಯಾಗಿಯೇ ಇರುತ್ತದೆ. ಎಂಬತ್ತು ಮುಟ್ಟಿದಾಗಲೂ ಏನೂ ಆಗುವುದಿಲ್ಲ. ಆ ವೇಗವನ್ನೇ ಹಿಡಿದು ಒಂದೆರಡು ಕಿಲೋಮೀಟರ್ ಹೋದರೆ ಮೊದಲು ಸಣ್ಣ ಮುಗ್ಗರಿಕೆ, ಆಮೇಲೆ ಆಕ್ಸಿಲರೇಟರ್ ತಿರುಗಿಸಿದಷ್ಟೂ ಅಸಹಕಾರ. ಕೈ ಸಡಿಲಿಸಿ ನಲವತ್ತಕ್ಕೆ ಇಳಿದರೆ ಮತ್ತೆ ರಾಜಿ. ಈ 'ಒಂದೆರಡು ಕಿಲೋಮೀಟರ್' ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಈ ಪ್ರಬಂಧದಲ್ಲಿ ಬರುವ ವಿದ್ವಾಂಸರಲ್ಲಿ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಅಧ್ಯಾಯ 2: ಪೂರ್ವಸೂರಿಗಳ ಸಮೀಕ್ಷೆ

ಡೇನಿಯಲ್ ಬರ್ನೂಲಿ 1738ರಲ್ಲಿ 'ಹೈಡ್ರೊಡೈನಾಮಿಕಾ' ಪ್ರಕಟಿಸಿದಾಗ ಪೀಣ್ಯದ ಮೇಲ್ಸೇತುವೆ ಇನ್ನೂ ಆಗಿರಲಿಲ್ಲ. 1797ರಲ್ಲಿ ಇಟಲಿಯ ಜೊವಾನಿ ಬತ್ತಿಸ್ತಾ ವೆಂಚುರಿ ಕಿರಿದಾದ ಕೊಳವೆಯಲ್ಲಿ ಹರಿವು ಹೇಗಿರುತ್ತದೆ ಎಂದು ಬರೆದಾಗಲೂ ಆಗಿರಲಿಲ್ಲ. ಆದರೂ ಇವರಿಬ್ಬರನ್ನು ಉಲ್ಲೇಖಿಸದೆ ಕಾರ್ಬ್ಯುರೇಟರ್ ಬಗ್ಗೆ ಬರೆಯುವುದು ಶಿಷ್ಟಾಚಾರವಲ್ಲ. ಗಂಟಲು ಕಿರಿದಾದಲ್ಲಿ ಗಾಳಿ ಜೋರಾಗುತ್ತದೆ, ಜೋರಾದಲ್ಲಿ ಒತ್ತಡ ಇಳಿಯುತ್ತದೆ, ಇಳಿದ ಒತ್ತಡ ಕೆಳಗಿನ ಬಟ್ಟಲಿನಿಂದ ಪೆಟ್ರೋಲನ್ನು ಜೆಟ್ಟಿನ ಮೂಲಕ ಮೇಲಕ್ಕೆಳೆಯುತ್ತದೆ. ಇಷ್ಟೇ ವಿಷಯ. ಇದನ್ನು 'ಇಂಧನ-ವಾಯು ಸಂವಾದದ ಬಹುತ್ವದ ನೆಲೆಗಳು' ಎಂದು ಕರೆದರೆ ನಲವತ್ತು ಪುಟ ಬರುತ್ತದೆ. ನಾವೂ ಬರೆದಿದ್ದೆವು, ಸಂಪಾದಕರು ತೆಗೆದಿದ್ದಾರೆ.

ಅಧ್ಯಾಯ 3: ಪಂಥಭೇದಗಳು

ತಡವರಿಕೆಯ ಮೀಮಾಂಸೆಯಲ್ಲಿ ಏಳು ಪಂಥಗಳಿವೆ.

ಮೊದಲನೆಯವರು ಇಂಧನವಾದಿಗಳು. ಇವರಲ್ಲೇ ಮೂರು ಕವಲು. ಆಕ್ಸಿಲರೇಟರನ್ನು ಸ್ವಲ್ಪವೇ ತಿರುಗಿಸಿದಾಗ ಪೈಲಟ್ ಜೆಟ್, ನಡುವಿನಲ್ಲಿ ಸೂಜಿ, ಮುಕ್ಕಾಲು ದಾಟಿದ ಮೇಲೆ ಮೇನ್ ಜೆಟ್ ಎಂದು ಶ್ರುತಿ. ಆದ್ದರಿಂದ ಕೆಳಗಿನ ವೇಗದಲ್ಲಿ ಚೆನ್ನಾಗಿದ್ದು ಮೇಲೆ ತಡವರಿಸಿದರೆ ದೋಷ ಮೇನ್ ಜೆಟ್ಟಿನದೇ ಎಂಬುದು ಮೊದಲ ಕವಲಿನ ಸಿದ್ಧಾಂತ. ಎರಡನೆಯ ಕವಲಿನವರು ಫ್ಲೋಟಿನ ಎತ್ತರವನ್ನು ನಂಬಿದವರು. ಮೂರನೆಯ ಕವಲಿನವರು ಇವರಿಬ್ಬರ ಜೊತೆಗೂ ಮಾತು ಬಿಟ್ಟು, ಟ್ಯಾಂಕಿನ ಕೆಳಗಿನ ಕಾಕಿನಲ್ಲಿ ತುಕ್ಕು ಕೂತಿದೆ ಎನ್ನುತ್ತಾರೆ.

ಎರಡನೆಯವರು ಕಿಡಿವಾದಿಗಳು. ಪ್ಲಗ್ಗಿನ ಗ್ಯಾಪು, ಪ್ಲಗ್ ಕ್ಯಾಪಿನೊಳಗಿನ ರೆಸಿಸ್ಟರು, ಬಿಸಿಯಾದಾಗ ಮಾತ್ರ ಕೈಕೊಡುವ ಕಾಯಿಲ್ ಇವು ಇವರ ಪ್ರಸ್ಥಾನತ್ರಯ. ಇವರೊಂದಿಗೆ ವಾದಿಸುವುದು ಕಷ್ಟ, ಏಕೆಂದರೆ ಹತ್ತರಲ್ಲಿ ಮೂರು ಸಲ ಇವರೇ ಸರಿ.

ಮೂರನೆಯವರು ವಾಯುವಾದಿಗಳು. ಏರ್ ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಸಾಲದು, ಕಾರ್ಬ್ಯುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಬಿರಿದರೆ ಗಾಳಿ ಹೆಚ್ಚು, ಡಯಾಫ್ರಮ್ ಹರಿದಿದ್ದರೆ ಕೈ ಎಷ್ಟು ತಿರುಗಿಸಿದರೂ ಒಳಗಿನ ಸ್ಲೈಡ್ ಪೂರ್ತಿ ಏಳುವುದೇ ಇಲ್ಲ. ಈ ಪಂಥದ ಪ್ರಮಾಣಗ್ರಂಥ ಪ್ಲಗ್ಗಿನ ತುದಿ. ಹಿಂದೆ ಮುಂದೆ ಯಾರೂ ಇಲ್ಲದ ರಸ್ತೆಯಲ್ಲಿ ಪೂರ್ತಿ ವೇಗದಲ್ಲಿದ್ದಾಗಲೇ ಕ್ಲಚ್ ಹಿಡಿದು, ಎಂಜಿನ್ ಆರಿಸಿ, ಬದಿಗೆ ನಿಂತು ಪ್ಲಗ್ ಬಿಚ್ಚಿ ನೋಡಬೇಕು. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದು, ಮಸಿಗಪ್ಪಾಗಿದ್ದರೆ ಹೆಚ್ಚು, ಬಿಸ್ಕತ್ತಿನ ಬಣ್ಣವಿದ್ದರೆ ಸರಿ. ಇದು ಲಿಪಿಶಾಸ್ತ್ರದ ಒಂದು ಶಾಖೆಯಾಗಿದ್ದು, ಮೈಸೂರಿನ ಶಾಸನ ಇಲಾಖೆ ಇದನ್ನು ಇನ್ನೂ ಗಮನಿಸಿಲ್ಲ.

ನಾಲ್ಕನೆಯವರು ಕ್ಲಚ್‌ವಾದಿಗಳು. ಎಂಜಿನ್ ಕೂಗು ಏರಿ ವೇಗ ಏರದಿದ್ದರೆ ಮಾತ್ರ ಇವರ ಮಾತಿಗೆ ಬೆಲೆ. ನಮ್ಮದರಲ್ಲಿ ಕೂಗೇ ಇಳಿಯುತ್ತಿತ್ತು. ಐದನೆಯವರು ಬ್ರೇಕ್ ಹಿಡಿದುಕೊಂಡಿದೆ ಎನ್ನುವವರು. ಆರು, ಏಳು ಇರಲಿ ಬಿಡಿ. ಏಳು ಎಂದು ಹೇಳಿದ್ದು ಸಂಖ್ಯೆ ಘನವಾಗಿರಲಿ ಎಂದು.

ಅಧ್ಯಾಯ 4: ಅಧಿಕೃತ ಸೇವಾಕೇಂದ್ರ ಎಂಬ ಜ್ಞಾನಪೀಠ

ಇಲ್ಲಿ ಸಂಶೋಧನೆಯ ಮೂಲ ಆಕರ ಜಾಬ್ ಕಾರ್ಡ್. ಅದರಲ್ಲಿ 'ಕಸ್ಟಮರ್ ವಾಯ್ಸ್' ಎಂಬ ಕಾಲಂ ಇದೆ. ಗ್ರಾಹಕನ ದನಿ ಅಲ್ಲಿ ದಾಖಲಾಗುತ್ತದೆ: 'ಪಿಕಪ್ ಪ್ರಾಬ್ಲಂ'. ನಾನು ಹೇಳಿದ್ದು ಎಂಟು ವಾಕ್ಯ. ಎಷ್ಟು ಹೊತ್ತು ಓಡಿದ ಮೇಲೆ, ಎಷ್ಟು ವೇಗದಲ್ಲಿ, ನಿಲ್ಲಿಸಿದರೆ ಏನಾಗುತ್ತದೆ, ಎಲ್ಲವೂ ಅದರಲ್ಲಿತ್ತು. ಟೈ ಕಟ್ಟಿದ ಹುಡುಗ ಎಲ್ಲಕ್ಕೂ ತಲೆಯಾಡಿಸಿ ಎರಡು ಪದ ಬರೆದ.

ಪ್ರಥಮ ಹಂತದಲ್ಲಿ ಪ್ಲಗ್ ಬದಲಾಯಿತು. ದ್ವಿತೀಯ ಹಂತದಲ್ಲಿ ಏರ್ ಫಿಲ್ಟರ್, ಜೊತೆಗೆ ಕಾರ್ಬ್ಯುರೇಟರ್ ಕಿಟ್. ತೃತೀಯ ಹಂತದಲ್ಲಿ ಕ್ಲಚ್ ಪ್ಲೇಟುಗಳು ಬದಲಾದವು. ಏಕೆ ಎಂದು ಕೇಳಿದ್ದಕ್ಕೆ 'ಸವೆದಿತ್ತು ಸಾರ್' ಎಂಬ ಉತ್ತರ. ಪ್ರತಿ ಹಂತದ ಕೊನೆಗೂ ಟೆಸ್ಟ್ ರೈಡ್ ನಡೆಯಿತು. ಕಾಂಪೌಂಡ್ ದಾಟಿ, ಮುಂದಿನ ಸಿಗ್ನಲ್ಲಿನವರೆಗೆ, ಎರಡನೆಯ ಗೇರಿನಲ್ಲಿ. ಎಂಬತ್ತರಲ್ಲಿ ಬರುವ ಕಾಯಿಲೆಯನ್ನು ಇಪ್ಪತ್ತರಲ್ಲಿ ಪರೀಕ್ಷಿಸಿ 'ಓಕೆ' ಎಂದು ಠಸ್ಸೆ ಒತ್ತಿದರು. ಕೊನೆಗೆ ಬಂದ ತೀರ್ಪು: 'ಈ ಮಾಡೆಲ್ಲಿನ ನೇಚರ್ರೇ ಹಂಗೆ ಸಾರ್.'

ನೇಚರ್! ಕೊಂಡಾಗ ಇದೇ ಗಾಡಿ ಚಿತ್ರದುರ್ಗದವರೆಗೆ ಉಸಿರೆತ್ತದೆ ಓಡಿತ್ತು. ಆಗ ಅದಕ್ಕೆ ಸ್ವಭಾವ ಇರಲಿಲ್ಲವೇ? ಗೊತ್ತಾಗಲಿಲ್ಲ ಎಂದು ಒಪ್ಪಿಕೊಂಡಿದ್ದರೆ ನಾನು ಕೈಮುಗಿದು ಬರುತ್ತಿದ್ದೆ. ಗೊತ್ತಾಗದ್ದಕ್ಕೆಲ್ಲ ಒಂದು ಬಿಡಿಭಾಗ ಹಾಕಿ, ಬಿಡಿಭಾಗ ಮುಗಿದ ಮೇಲೆ ಒಂದು ಪದ ಹಾಕಿ ಕಳಿಸುವುದು ಯಾವ ವಿದ್ಯೆ? ಆ ವಿದ್ಯೆಯನ್ನು ನಾನು ಬೇರೆ ಕಡೆಯೂ ನೋಡಿದ್ದೇನೆ. ಬೇಸಾಯದ ಬಗ್ಗೆ ಮುನ್ನೂರು ಪುಟದ ಪ್ರಬಂಧ ಓದಿದ್ದೇನೆ, ಒಂದು ಪುಟಕ್ಕೂ ಮಣ್ಣು ಹತ್ತಿರಲಿಲ್ಲ. 'ಸಂಕಥನ', 'ಅನನ್ಯತೆ', 'ಅಂಚಿನ ದನಿ' ಎಂದು ಒಂದಾದ ಮೇಲೊಂದು ಬದಲಾಯಿಸುತ್ತ ಹೋದವರಿಗೆ, ರೈತನನ್ನು ನಿಲ್ಲಿಸಿ 'ಯಾವಾಗಿನಿಂದ ಹೀಗಾಯಿತು' ಎಂದು ಕೇಳುವ ಪುರಸತ್ತು ಇರಲಿಲ್ಲ. ಅಲ್ಲಿಯೂ ಟೆಸ್ಟ್ ರೈಡ್ ಎರಡನೆಯ ಗೇರಿನಲ್ಲೇ ನಡೆದು, ಕೊನೆಗೆ ಪದವಿ ಪ್ರದಾನವಾಗುತ್ತದೆ.

ಅಧ್ಯಾಯ 5: ಹೆಸರಿಡಲು ಬೇಸರ

ದಾಬಸ್‌ಪೇಟೆಯ ಹತ್ತಿರ ಗಾಡಿ ಮತ್ತೆ ಮುಗ್ಗರಿಸಿ ನಿಂತಾಗ ರಸ್ತೆಬದಿಯ ಶೆಡ್ಡಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಸ್ಪ್ಯಾನರ್ ಮುಟ್ಟಲಿಲ್ಲ. 'ಎಷ್ಟು ದೂರ ಓಡಿದ್ಮೇಲೆ ಹಿಂಗಾಗ್ತದೆ?' ಎಂದ. ಹೇಳಿದೆ. ಟ್ಯಾಂಕಿನ ಮುಚ್ಚಳ ತೆಗೆದ. ಉಸ್ಸೆಂದು ಒಳಕ್ಕೆ ಗಾಳಿ ಎಳೆದುಕೊಂಡ ಶಬ್ದ ನನಗೂ ಕೇಳಿಸಿತು.

ಲೆಕ್ಕ ಸರಳ. ನಲವತ್ತರಲ್ಲಿ ಲೀಟರಿಗೆ ಅರವತ್ತು ಕಿಲೋಮೀಟರ್ ಕೊಡುವ ಗಾಡಿಗೆ ಗಂಟೆಗೆ ಮುಕ್ಕಾಲು ಲೀಟರೂ ಬೇಡ. ಎಂಬತ್ತರಲ್ಲಿ ಅದೇ ಗಾಡಿ ನಲವತ್ತು ಕೊಟ್ಟರೆ ಗಂಟೆಗೆ ಎರಡು ಲೀಟರ್ ಬೇಕು, ಅಂದರೆ ಮೂರು ಪಟ್ಟು. ಟ್ಯಾಂಕಿನಿಂದ ಪೆಟ್ರೋಲ್ ಇಳಿದಷ್ಟು ಜಾಗಕ್ಕೆ ಮೇಲಿನಿಂದ ಗಾಳಿ ಬರಬೇಕು. ಅದಕ್ಕೆಂದು ಮುಚ್ಚಳದಲ್ಲಿ ಸೂಜಿ ತೂರುವಷ್ಟು ದಾರಿ ಇರುತ್ತದೆ. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಇಳಿದು ಪೆಟ್ರೋಲ್ ಬರುವುದು ನಿಧಾನವಾಗುತ್ತದೆ. ನಿಧಾನದ ಓಟಕ್ಕೆ ಆ ಹನಿಯೂ ಸಾಕು. ಜೋರು ಓಟದಲ್ಲಿ ಬಟ್ಟಲಿನಲ್ಲಿ ಇದ್ದದ್ದು ಒಂದೆರಡು ಕಿಲೋಮೀಟರಿಗೆ ಖಾಲಿ. ಅದಕ್ಕೇ ತಡವಾಗಿ ಬರುವ ತಡವರಿಕೆ. ಮೇನ್ ಜೆಟ್ಟಿನ ದೋಷವಾಗಿದ್ದರೆ ಪೂರ್ತಿ ತಿರುಗಿಸಿದ ಕೂಡಲೇ ಗೊತ್ತಾಗಬೇಕಿತ್ತು. ಕಾಯಿಲ್ಲಿನ ದೋಷವಾಗಿದ್ದರೆ ಎಂಜಿನ್ ಕಾದ ಮೇಲೆ ನಲವತ್ತರಲ್ಲೂ ಬಿಡುತ್ತಿರಲಿಲ್ಲ. 'ಎಷ್ಟು ದೂರ' ಎಂಬ ಒಂದೇ ಪ್ರಶ್ನೆ ಪಂಥಗಳಲ್ಲಿ ಮುಕ್ಕಾಲನ್ನು ಮನೆಗೆ ಕಳಿಸಿತು.

ದಾರಿ ಕಟ್ಟಿದ್ದು ಏನು? ಬಿಳಿಯ ಮೇಣ. ಸೇವಾಕೇಂದ್ರದವರು ಹಣ ತೆಗೆದುಕೊಂಡು ಬಳಿದ 'ಟೆಫ್ಲಾನ್ ಕೋಟಿಂಗ್' ಎಂಬ ಪಾಲಿಶ್ ಮುಚ್ಚಳದ ಸಂದಿಯಲ್ಲಿ ಒಣಗಿ ಗಟ್ಟಿಯಾಗಿತ್ತು. ಆತ ಪಿನ್ನಿನಿಂದ ಕೆರೆದು, ಊದಿ, ಮುಚ್ಚಿದ. ದುಡ್ಡು ಎಷ್ಟು ಎಂದರೆ ಟೀ ಕುಡಿಸಿ ಎಂದ.

ಹಳೆಯ ಮೆಕ್ಯಾನಿಕ್ಕುಗಳು ದೇವರೇನಲ್ಲ. ಸರಿಯಿದ್ದ ಹಿತ್ತಾಳೆ ಜೆಟ್ಟಿಗೆ ತಂತಿ ತೂರಿಸಿ ತೂತು ಹಿಗ್ಗಿಸಿದವರು, ಸುತ್ತಿಗೆಯಿಂದಲೇ ಎಲ್ಲವನ್ನೂ ಗುಣಪಡಿಸಿದವರು ಬೇಕಾದಷ್ಟಿದ್ದಾರೆ. ಆದರೆ ಅವರಲ್ಲಿ ಒಳ್ಳೆಯವರಿಗೆ ಗಾಡಿಯ ಮಾತಿಗೆ ಕಿವಿಗೊಡುವ ಅಭ್ಯಾಸವಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಆ ಊರಿನಲ್ಲಿ ಜಾವಾ, ಯೆಜ್ಡಿಗಳು ಓಡುತ್ತಲೇ ಇದ್ದದ್ದು ಇಂಥವರ ಕೈಯಿಂದ, ಕಿವಿಯಿಂದ. ಅವರಲ್ಲಿ ಯಾರೂ ಬರೆದಿಡಲಿಲ್ಲ, ಅವರನ್ನು ಕೂರಿಸಿ ಬರೆಸಿಕೊಳ್ಳಲು ಯಾವ ವಿಶ್ವವಿದ್ಯಾಲಯಕ್ಕೂ ತೋಚಲಿಲ್ಲ. ಶೆಡ್ಡಿನಲ್ಲಿ ಕೆಲಸ ಕಲಿಯಲು ಬರುವ ಹುಡುಗರೂ ಕಮ್ಮಿಯಾದರು. ಆ ದಾಬಸ್‌ಪೇಟೆಯವನ ಹತ್ತಿರ ಒಬ್ಬನೂ ಇರಲಿಲ್ಲ. 2020ರ ಏಪ್ರಿಲ್‌ನಿಂದ ಬಿಎಸ್ 6 ಹೊಗೆ ನಿಯಮ ಬಂದು, ಹೊಸ ಬೈಕುಗಳಲ್ಲಿ ಹೆಚ್ಚಿನವಕ್ಕೆ ಇಂಜೆಕ್ಷನ್ ಬಂದು, ಸ್ಕ್ಯಾನರ್ ಚುಚ್ಚಿದರೆ ಕೋಡ್ ಹೇಳುತ್ತದೆ. ಒಳ್ಳೆಯದೇ, ನಾನು ಅದರ ವಿರೋಧಿಯಲ್ಲ. ಆದರೆ ಕೋಡ್ ಬಾರದ ಕಾಯಿಲೆ ಬಂದ ದಿನ ಗಾಡಿಯ ಮುಂದೆ ನಿಂತವನಿಗೆ ಕೇಳಲು ಒಂದು ಪ್ರಶ್ನೆಯಾದರೂ ಗೊತ್ತಿರಬೇಕಲ್ಲ. ಅದನ್ನು ಕಲಿಸುವವರು ಹೋಗುತ್ತಿದ್ದಾರೆ, ನಾವು ಜಾಬ್ ಕಾರ್ಡಿಗೆ ಸಹಿ ಹಾಕುತ್ತಿದ್ದೇವೆ.

ಅಧ್ಯಾಯ 6: ಅನ್ವಯಿಕ ಫಲಿತಗಳು

ನಿಮ್ಮ ಕಾರ್ಬ್ಯುರೇಟರ್ ಗಾಡಿ ಹೀಗೆ ಮಾಡಿದರೆ ಬದಿಗೆ ನಿಲ್ಲಿಸಿ ಮುಚ್ಚಳ ತೆಗೆಯಿರಿ. ಉಸ್ಸೆಂದರೆ ಪಿನ್ನು ಹುಡುಕಿ. ರೆಕ್ಸಿನ್ ಟ್ಯಾಂಕ್ ಕವರ್ ಹಾಕಿಸಿದ್ದರೆ ಅದು ಮುಚ್ಚಳದ ಮೇಲೆ ಕೂತಿದೆಯೇ ನೋಡಿ. ಉಸ್ಸೆನ್ನದಿದ್ದರೆ, ತಡವರಿಸುವಾಗಲೇ ಚೋಕನ್ನು ಅರ್ಧ ಎಳೆದು ನೋಡಿ: ಗಾಡಿ ಚೇತರಿಸಿಕೊಂಡರೆ ಪೆಟ್ರೋಲ್ ಸಾಲುತ್ತಿಲ್ಲ, ಇನ್ನೂ ಕೆಟ್ಟರೆ ಏರ್ ಫಿಲ್ಟರ್ ಕಡೆ ಹೋಗಿ, ಏನೂ ವ್ಯತ್ಯಾಸವಾಗದಿದ್ದರೆ ಕಿಡಿವಾದಿಗಳನ್ನು ಕಾಣಿ. ಒಂದು ಸಲಕ್ಕೆ ಒಂದೇ ವಸ್ತು ಬದಲಾಯಿಸಿ, ಬದಲಾಯಿಸಿದ ಮೇಲೆ ಎಂಬತ್ತರಲ್ಲೇ ಓಡಿಸಿ ನೋಡಿ. ನಡುವೆ ಯಾರಾದರೂ ಬಂದು 'ಟೆಫ್ಲಾನ್ ಕೋಟಿಂಗ್ ಮಾಡಿಸ್ತೀರಾ ಸಾರ್, ಆಫರ್ ಇದೆ' ಎಂದರೆ ಬೇಡ ಎನ್ನಿ.