ತವರಿಗೆ ಗುಂಟೆ ಹೊಲವಿಲ್ಲ

ನಮ್ಮೂರ ರಸ್ತೆಯನ್ನು ಮತ್ತೆ ಅಗೆದಿದ್ದಾರೆ. ಯಾಕೆ ಅಂತ ಶಿರಾಳಕೊಪ್ಪದವರು ಯಾರೂ ಕೇಳುವುದಿಲ್ಲ. ಕೇಳಿ ಉತ್ತರ ಬರುವಷ್ಟರಲ್ಲಿ ಇನ್ನೊಂದು ಗುಂಡಿ ತೆಗೆದಿರುತ್ತಾರೆ. ಈ ಸಲದ ಗುಂಡಿಯಿಂದ ಎದ್ದು ಬಂದದ್ದು ಆಳುದ್ದದ ಬೀಡಿನ ಪೈಪು. ಅದರ ಜಾಗಕ್ಕೆ ಕರೀ ಪ್ಲಾಸ್ಟಿಕ್ ಕೊಳವೆ ಇಳಿಯಿತು, ಪೈಪು ಗುಜರಿ ಅಂಗಡಿ ಸೇರಿತು.

ನಾನು ಅಲ್ಲಿಗೆ ಹೋದದ್ದು ಹಳೇ ಪೇಪರ್ ಮಾರಲು. ಕಟ್ಟಿನಲ್ಲಿ ‘ಭದ್ರಾವತಿ ಕಾರ್ಖಾನೆಗೆ ಮರುಜೀವ’ ಎನ್ನುವ ಅರ್ಥದ ತಲೆಬರಹಗಳೇ ಹತ್ತಾರಿದ್ದವು. ಅಂಗಡಿಯ ಭಾಯ್ ಅವನ್ನೂ ಉಳಿದ ರದ್ದಿಯ ಜೊತೆಗೇ ತೂಗಿದರು. ಆಗ ಮೂಲೆಯಿಂದ ಯಾರೋ ಕೆಮ್ಮಿದ ಸದ್ದು. ತುಕ್ಕು ಹಿಡಿದ ಕೆಮ್ಮು. ತಿರುಗಿದರೆ ಪೈಪು. ಭಾಯ್ ಚಹಾ ಕುಡಿಯಲು ಹೋದರು, ನಾವಿಬ್ಬರೂ ಮಾತಿಗೆ ಕೂತೆವು.

ನಾನು: ಅಜ್ಜೀ, ನೀವು ಯಾವ ಕಡೆಯವರು?

ಪೈಪು: ಬೆಂಕಿಪುರದವಳು ಮಗಾ. ಈಗ ನೀವೆಲ್ಲ ಭದ್ರಾವತಿ ಅಂತೀರಿ. ಊರಿನ ಹೆಸರಲ್ಲೇ ಬೆಂಕಿ ಇತ್ತು. ಮೊದಲು ಹೆಸರಿನದು ತೆಗೆದಿರಿ, ಆಮೇಲೆ ಒಲೆಯದು ಆರಿಸಿದಿರಿ. ನನ್ನನ್ನು ಈ ಊರಿಗೆ ಕೊಟ್ಟು ಐವತ್ತು ವರ್ಷದ ಮೇಲಾಯ್ತು. ಎಷ್ಟು ಲಾರಿ ನನ್ನ ಮೇಲೆ ಹಾದು ಹೋದವು, ಶುಂಠಿ ಲಾರಿ, ಜೋಳದ ಲಾರಿ, ಒಂದು ದಿನ ಸೋರಿದವಳಲ್ಲ.

ನಾನು: ಇಲ್ಲಿಗೆ ಬರುವಾಗ ರೈಲಿನಲ್ಲಿ ಬಂದಿರಾ?

ಪೈಪು: ನಿಮ್ಮೂರಿಗೆ ರೈಲೆಲ್ಲಿದೆ? ಲಾರಿಯಲ್ಲೇ ತಂದರು.

ನಾನು: ನೋಡಿ, ನಾನೂ ಇದನ್ನೇ ಹೇಳುತ್ತಾ ಬಂದಿದ್ದೇನೆ! ಮಹಾರಾಜರ ಕಾಲದಲ್ಲೇ ಶಿವಮೊಗ್ಗಕ್ಕೆ ರೈಲು ಬಂತು, ಸಾಗರ ದಾಟಿ ತಾಳಗುಪ್ಪಕ್ಕೂ ಹೋಯಿತು. ಈಗ ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೊಸ ಮಾರ್ಗ, ನೂರು ಚಿಲ್ಲರೆ ಕಿಲೋಮೀಟರು. ಶಿಕಾರಿಪುರದ ತನಕ ಬಂದ ಹಳಿ ನಮ್ಮ ಕಡೆ ತಿರುಗಿಯೂ ನೋಡದೆ ಮಾಸೂರು, ರಟ್ಟೀಹಳ್ಳಿ ಕಡೆ ಹೊರಳುತ್ತದೆ. ಇಪ್ಪತ್ತು ಕಿಲೋಮೀಟರು ಈಚೆ ನಾವಿದ್ದೇವೆ ಅನ್ನುವುದು ಆ ನಕ್ಷೆ ಬರೆದವರಿಗೆ...

ಪೈಪು: ನೀನು ಮಾತಾಡಿಸಲಿಕ್ಕೆ ಬಂದದ್ದು ನನ್ನನ್ನೋ, ರೈಲನ್ನೋ?

ನಾನು: ಕ್ಷಮಿಸಿ. ನಿಮ್ಮ ತವರಿನ ಕಥೆ ಹೇಳಿ.

ಪೈಪು: ಹಾಗೆ ಬಾ ದಾರಿಗೆ. 1918ರಲ್ಲಿ ಮೈಸೂರು ಸರ್ಕಾರ ಮನಸ್ಸು ಮಾಡಿತು. 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ಮೊದಲಿಟ್ಟ ಹೆಸರು ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಹೆಸರಲ್ಲೂ ಮರ ಮುಂದೆ, ಕಬ್ಬಿಣ ಹಿಂದೆ. ನಮ್ಮ ಸೀಮೆಯಲ್ಲಿ ಕಲ್ಲಿದ್ದಲು ಇಲ್ಲವಲ್ಲ, ಮರ ಸುಟ್ಟು ಇದ್ದಿಲು ಮಾಡಿದರು. ಆ ಹೊಗೆಯನ್ನೂ ಬಿಡಲಿಲ್ಲ, ಹಿಡಿದು ಭಟ್ಟಿ ಇಳಿಸಿ ಮರದ ಸ್ಪಿರಿಟ್ಟು, ಟಾರು ತೆಗೆದರು. ಅಂಥ ಜಿಪುಣರ ಮನೆ ನಮ್ಮದು, ಹೊಗೆಯೂ ದಂಡವಾಗಬಾರದು. ಅಷ್ಟಾದರೂ ಶುರುವಿನಲ್ಲಿ ನಷ್ಟವೇ. ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಧಾರಣೆ ಬಿದ್ದುಹೋಗಿತ್ತು. ಬೇಡದ ಬಿಳಿಯಾನೆ ಅಂತ ಬೈದವರು ಆಗಲೂ ಇದ್ದರು. ದಿವಾನಗಿರಿ ಬಿಟ್ಟು ಕೂತಿದ್ದ ವಿಶ್ವೇಶ್ವರಯ್ಯನವರನ್ನು ಕರೆಸಿ ಕೂರಿಸಿದರು. ಅವರು 1929ರ ತನಕ ಇದ್ದು ದಾರಿಗೆ ತಂದರು. ಜೋಗದ ಕರೆಂಟು ಬಂದಮೇಲೆ ವಿದ್ಯುತ್ ಕುಲುಮೆಯೂ ಬಂತು.

ನಾನು: ಅಂದರೆ ಮಲೆನಾಡಿನ ಕಾಡು ತಿಂದು ಬೆಳೆದ ಮನೆ ನಿಮ್ಮದು. ಎಷ್ಟು ಗುಡ್ಡ ಬೋಳಾದವು?

ಪೈಪು: ಕೆಮ್ಮಣ್ಣುಗುಂಡಿಯ ಅದಿರು ನೀನು ನೋಡಬೇಕಿತ್ತು. ಒಳ್ಳೇ ಕುಂಕುಮ ಸುರಿದ ಹಾಗೆ.

ನಾನು: ನಾನು ಕೇಳಿದ್ದು ಕಾಡಿನ ವಿಷಯ.

ಪೈಪು: ನನಗೆ ಆ ಕಡೆ ಕಿವಿ ಕೇಳುವುದಿಲ್ಲ ಮಗಾ. ಆ ತುದಿಗೆ ಮುಚ್ಚಳ ಹಾಕಿದ್ದರು.

ನಾನು: ಸರಿ, ಕೇಳುವ ಕಿವಿಗೇ ಕೇಳುತ್ತೇನೆ. ಅಂಥ ಮನೆ ಹೀಗೆ ಯಾಕಾಯಿತು?

ಪೈಪು: ಹೊಲ ಇಲ್ಲ.

ನಾನು: ಏನು?

ಪೈಪು: ತವರಿಗೆ ಹೊಲ ಇಲ್ಲ ಅಂದೆ. ಉಕ್ಕು ಮಾಡುವ ಮನೆಗೆ ಗಣಿಯೇ ಹೊಲ. ಹೊಲ ಇಲ್ಲದವನು ಕಾಳನ್ನು ಅಂಗಡಿಯಲ್ಲಿ ಕೊಂಡು ತಿನ್ನಬೇಕು, ಅವನು ಎಷ್ಟು ದಿನ ತಿಂದಾನು? ಕೆಮ್ಮಣ್ಣುಗುಂಡಿ ಕೈಬಿಟ್ಟಿತು. ಸಂಡೂರು ಸೀಮೆಯ ರಮಣದುರ್ಗದಲ್ಲಿ ಕೊಡುತ್ತೇವೆ ಅಂದರು. ಕೊಟ್ಟರು, ಕಾಗದದಲ್ಲಿ. ನಮ್ಮೂರಿಗೆ ಕಾಗದದ ಬರ ಯಾವಾಗಿತ್ತು? ಪಕ್ಕದಲ್ಲೇ ಎಂಪಿಎಂ ಇತ್ತು, ದಿನವಿಡೀ ಕಾಗದ ಮಾಡುತ್ತಿತ್ತು. ಈಗ ಅದಕ್ಕೂ ಬೀಗ.

ನಾನು: ಗಣಿ ಬಿಡಿ ಅಜ್ಜೀ, ಮಾಲೀಕರು ಬದಲಾದದ್ದೂ ಒಂದು ಕಾರಣವಲ್ಲವೇ? ರಾಜ್ಯದ ಕೈಯಿಂದ 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರಕ್ಕೆ ಹೋದಿರಿ, 1998ರಲ್ಲಿ ಅದರೊಳಗೇ ವಿಲೀನವಾದಿರಿ.

ಪೈಪು: ದತ್ತು ಹೋದೆವು ಅನ್ನು. ದತ್ತು ತಗೊಂಡವರಿಗೆ ಭಿಲಾಯಿ, ಬೊಕಾರೊ, ರೂರ್ಕೆಲಾ ಅಂತ ಗಟ್ಟಿಮುಟ್ಟಾದ ಮಕ್ಕಳಿದ್ದರು. ಪಂಕ್ತಿಯಲ್ಲಿ ನಮ್ಮ ಎಲೆ ಕೊನೆಗೆ. ಬಡಿಸುವವರು ಅಲ್ಲಿಗೆ ಬರುವಷ್ಟರಲ್ಲಿ ಪಾತ್ರೆ ಖಾಲಿ. ಅದು ಹಾಗಿರಲಿ, ಆ ಮಕ್ಕಳಿಗೆಲ್ಲ ಗಣಿ ಇತ್ತು ಗೊತ್ತಾ?

ನಾನು: ಮತ್ತೆ ಗಣಿಗೇ ಬಂದಿರಿ. ನೇರವಾಗಿ ಕೇಳುತ್ತೇನೆ, ಬೇಜಾರಾಗಬೇಡಿ. ತೋರಣಗಲ್ಲಿನ ಜಿಂದಾಲ್ ಕಾರ್ಖಾನೆ ವರ್ಷಕ್ಕೆ ಒಂದೂವರೆ ಕೋಟಿ ಟನ್ನಿಗೂ ಮಿಗಿಲಾದ ಸಾಮರ್ಥ್ಯದ್ದು. ನಿಮ್ಮ ತವರಿನದು ಲಕ್ಷ ಟನ್ನಿನ ಆಸುಪಾಸು. ರೈಲ್ವೆಗೆ, ರಕ್ಷಣಾ ಇಲಾಖೆಗೆ ಬೇಕಾದ ವಿಶೇಷ ಉಕ್ಕಿನಲ್ಲಿ ನೀವು ಗಟ್ಟಿಗರು, ಒಪ್ಪಿದೆ. ಆದರೆ ಯಂತ್ರ ಹಳತು, ಹೊಸ ಬಂಡವಾಳ ಬರಲಿಲ್ಲ. ಕೋಕಿಂಗ್ ಕಲ್ಲಿದ್ದಲಂತೂ ದೇಶಕ್ಕೆ ಬೇಕಾದ್ದರಲ್ಲಿ ಬಹುಪಾಲು ಹಡಗಿನಲ್ಲೇ ಬರಬೇಕು, ಅದೂ ಹೆಚ್ಚಾಗಿ ಆಸ್ಟ್ರೇಲಿಯಾದಿಂದ. ಗಣಿ ಕೊಟ್ಟಿದ್ದರೂ ನೀವು ಬದುಕುತ್ತಿದ್ದಿರಾ?

ಪೈಪು: ಕೊಟ್ಟು ನೋಡಬೇಕಿತ್ತು.

ನಾನು: ಇದು ಉತ್ತರವಲ್ಲ.

ಪೈಪು: ನೀನು ಕೇಳಿದ್ದೂ ಪ್ರಶ್ನೆಯಲ್ಲ. ಗಂಜಿ ಹಾಕದೆ ಸೊರಗಿಸಿ, ಆಮೇಲೆ ಕುಸ್ತಿ ಆಡ್ತೀಯಾ ಅಂತ ಕೇಳಿದ ಹಾಗಾಯ್ತು.

ನಾನು: ಆ ಅದಿರನ್ನು ರಮಣದುರ್ಗದಿಂದ ಭದ್ರಾವತಿಗೆ ತರುವುದಾದರೆ ರೈಲು ಬೇಕಲ್ಲ. ಶಿರಾಳಕೊಪ್ಪದ ಮೇಲೆ ಒಂದು ಮಾರ್ಗ ಹಾಕಿದರೆ...

ಪೈಪು: ಸಂಡೂರಿನಿಂದ ಭದ್ರಾವತಿಗೆ ಬರುವುದಕ್ಕೆ ಶಿರಾಳಕೊಪ್ಪ ಯಾಕೆ ಹಾಯಬೇಕು?

ನಾನು: ಹಾಯಬಾರದು ಅಂತ ಎಲ್ಲಿ ಬರೆದಿದೆ? ಪಕ್ಕದಲ್ಲೇ ಬಳ್ಳಿಗಾವಿ, ಅಲ್ಲಮನ ಊರು. ಉಡುತಡಿ, ಅಕ್ಕನ ಊರು. ತಾಳಗುಂದ ಇದೆ. ಪ್ರವಾಸಿಗರು...

ಪೈಪು: ಅದಿರಿನ ಗಾಡಿಯಲ್ಲಿ ಪ್ರವಾಸಿಗರನ್ನೂ ತುಂಬುತ್ತೀಯಾ? ತಾಳಗುಂದದ ಮಾತು ನೀನೇ ತೆಗೆದೆ, ಕೇಳು. ಕದಂಬರ ಕಲ್ಲು ಅಲ್ಲಿ ಒಂದೂವರೆ ಸಾವಿರ ವರ್ಷದಿಂದ ನಿಂತಿದೆ, ಕೆತ್ತಿದ್ದು ಇವತ್ತಿಗೂ ಓದಬಹುದು. ನಿಮ್ಮ ಕಾಲದ ಕಲ್ಲುಗಳ ಕಥೆ ಹೇಳಲಾ? ವಿಜಯನಗರ ಉಕ್ಕಿನ ಕಾರ್ಖಾನೆಗೆ ಇಂದಿರಮ್ಮ ಅಡಿಗಲ್ಲು ಹಾಕಿದ್ದು 1971ರಲ್ಲಿ. ಆ ಸರ್ಕಾರಿ ಕಾರ್ಖಾನೆ ಕಲ್ಲಿನಿಂದ ಮೇಲೆ ಏಳಲೇ ಇಲ್ಲ. ಇಪ್ಪತ್ತು ವರ್ಷ ದಾಟಿದ ಮೇಲೆ ಜಿಂದಾಲರು ಬಂದು ತಮ್ಮದು ಕಟ್ಟಿಕೊಂಡರು. ಕಟ್ಟಲಿ, ನನಗೇನು ಹೊಟ್ಟೆಕಿಚ್ಚಿಲ್ಲ. ಅವರಿಗೂ ಹೊಲ ಸಿಕ್ಕಿತಲ್ಲ, ಅಷ್ಟೇ ನಾನು ಹೇಳೋದು.

ನಾನು: ಕುದುರೆಮುಖದ ಬಗ್ಗೆ ಏನಂತೀರಿ? ಅಲ್ಲಿ ಕೋರ್ಟೇ ಗಣಿ ನಿಲ್ಲಿಸಿತು, 2005ರ ಕೊನೆಗೆ.

ಪೈಪು: ಅದು ದಾಯಾದಿಗಳ ವಿಷಯ. ನಾನು ಬಾಯಿ ಹಾಕೋದಿಲ್ಲ.

ನಾನು: ಹೊರದೇಶದ ಅಗ್ಗದ ಉಕ್ಕು? ಜಗತ್ತಿನ ಉಕ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಚೀನಾ ಒಂದೇ ಮಾಡುತ್ತದೆ. ಅದರ ನಂತರದ ಸ್ಥಾನ ನಮ್ಮದು. ಹಾಗಿದ್ದೂ 2023-24ರಲ್ಲಿ ನಾವು ಮಾರಿದ್ದಕ್ಕಿಂತ ತರಿಸಿದ ಉಕ್ಕೇ ಹೆಚ್ಚಾಯಿತು. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಕೆಲವು ಬಗೆಯ ಉಕ್ಕಿನ ಮೇಲೆ 200 ದಿನಕ್ಕೆ ಶೇಕಡಾ 12ರ ಸುಂಕ ಹಾಕಬೇಕಾಯಿತು.

ಇಷ್ಟು ಹೊತ್ತು ಗೊಣಗುತ್ತಿದ್ದ ಪೈಪು ಒಮ್ಮೆಲೇ ಸುಮ್ಮನಾಯಿತು. ಮತ್ತೆ ಮಾತು ಬಂದಾಗ ಅದರಲ್ಲಿ ಮಗಾ ಎನ್ನುವ ಕರೆ ಇರಲಿಲ್ಲ.

ಪೈಪು: ಚೀನಾದ ಉಕ್ಕು ಯಾವ ಮಣ್ಣಿನದು ಅಂತ ಕೇಳಿದ್ದೀಯಾ? 2008ರಲ್ಲಿ ಬೀಜಿಂಗಿನಲ್ಲಿ ಒಲಿಂಪಿಕ್ಸ್ ನಡೆಯಿತಲ್ಲ, ಅದರ ಹಿಂದುಮುಂದಿನ ವರ್ಷಗಳಲ್ಲಿ ಬಳ್ಳಾರಿಯ ಮಣ್ಣು ಲಾರಿಲಾರಿಯಾಗಿ ಬಂದರಿಗೆ ಹೋಯಿತು. ರಾತ್ರಿಯೂ ಹೋಯಿತು. ರಹದಾರಿ ಇದ್ದದ್ದೂ ಹೋಯಿತು, ಇಲ್ಲದ್ದೂ ಹೋಯಿತು. ರಸ್ತೆಬದಿಯ ಹತ್ತಿಗಿಡ ಕೆಂಪಾಯಿತು, ಮಕ್ಕಳ ಉಗುಳು ಕೆಂಪಾಯಿತು. 2011ರಲ್ಲಿ ಲೋಕಾಯುಕ್ತರು ಬರೆದರು, ಸುಪ್ರೀಂ ಕೋರ್ಟು ನಿಲ್ಲಿಸಿತು. ಕದ್ದವರಿಗೆ ಅದಿರು ಸಿಕ್ಕಿತು. ಅರ್ಜಿ ಬರೆದು, ರಶೀದಿ ತಗೊಂಡು, ಸಾಲಿನಲ್ಲಿ ನಿಂತ ಸರ್ಕಾರಿ ಕಾರ್ಖಾನೆಗೆ ಸಿಗಲಿಲ್ಲ. ಇದೇ ರಾಜ್ಯ, ಅದೇ ಬೆಟ್ಟ.

ಇದಕ್ಕೆ ನನ್ನ ಹತ್ತಿರ ತಮಾಷೆ ಇರಲಿಲ್ಲ, ಈಗಲೂ ಇಲ್ಲ. 2016ರಲ್ಲಿ ಕೇಂದ್ರ ಸಂಪುಟ ಭದ್ರಾವತಿ ಕಾರ್ಖಾನೆಯನ್ನು ಮಾರಲು ತಾತ್ವಿಕವಾಗಿ ಒಪ್ಪಿತು. 2019ರಲ್ಲಿ ಕೊಳ್ಳುವವರನ್ನು ಕರೆಯಿತು. 2022ರಲ್ಲಿ ಕೊಳ್ಳುವವರಿಲ್ಲ ಎಂದು ಕೈಬಿಟ್ಟಿತು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಬಂತು. ಈ ಏಳು ವರ್ಷ ಗೇಟಿನೊಳಗೆ ದುಡಿಯುತ್ತಿದ್ದ ಗುತ್ತಿಗೆ ಕಾರ್ಮಿಕರು ಏನೆಂದುಕೊಂಡು ಮಗಳ ಮದುವೆ ಗೊತ್ತು ಮಾಡಬೇಕಿತ್ತು? ಏನೆಂದುಕೊಂಡು ಮನೆಗೆ ಸಾಲ ತೆಗೆಯಬೇಕಿತ್ತು? ಕಾಯಂ ಆದವರನ್ನು ಬೇರೆ ಊರಿಗೆ ವರ್ಗ ಮಾಡಬಹುದು. ಗುತ್ತಿಗೆಯವರನ್ನು ಎಲ್ಲಿಗೆ ಮಾಡುತ್ತಾರೆ? ಅವರು ಗೇಟಿನ ಎದುರು ಧರಣಿ ಕೂತರು. ಮುಚ್ಚುವುದೇ ಸರಿ ಅನ್ನಿಸಿದ್ದರೆ ಆ ಮಾತನ್ನು 2016ರಲ್ಲೇ ಅವರ ಮುಖ ನೋಡಿ ಹೇಳಿ, ಪರಿಹಾರ ಕೊಟ್ಟು ಮುಚ್ಚಬೇಕಿತ್ತು. ಉಳಿಸುವುದಾದರೆ ಗಣಿಯನ್ನೂ ಬಂಡವಾಳವನ್ನೂ ಕೊಟ್ಟು ಉಳಿಸಬೇಕಿತ್ತು. ಎರಡನ್ನೂ ಮಾಡದೆ ಚುನಾವಣೆಗೊಂದು ತಲೆಬರಹ ಕೊಟ್ಟರು. ನನ್ನ ದೃಷ್ಟಿಯಲ್ಲಿ ಇದು ನಷ್ಟದ ಲೆಕ್ಕವಲ್ಲ, ಕ್ರೌರ್ಯ.

ಪೈಪೇ ಮೌನ ಮುರಿಯಿತು.

ಪೈಪು: ಮುಚ್ಚುತ್ತೇವೆ ಅಂದ ವರ್ಷವೇ ಆಗಸ್ಟಿನಲ್ಲಿ ಮತ್ತೆ ಶುರುವಾಯ್ತಂತಲ್ಲ ಮಗಾ? ಮೇಲೆ ಬಸ್ಸಿಗೆ ಕಾಯುವವರು ಮಾತಾಡಿಕೊಳ್ಳುತ್ತಿದ್ದರು.

ನಾನು: ಶುರುವಾಯಿತು. ಕುಲುಮೆಯಲ್ಲ, ಬರೀ ರೋಲಿಂಗ್. ಹೊರಗಿನಿಂದ ತರಿಸಿದ ಉಕ್ಕಿನ ಗಟ್ಟಿಗಳನ್ನು ಕಾಯಿಸಿ ಸರಳು ಎಳೆಯುತ್ತಾರೆ.

ಪೈಪು: ಅಂದರೆ ಬೇರೆ ಮನೆಯ ಹಿಟ್ಟು ತಂದು ನಮ್ಮ ಹಂಚಿನ ಮೇಲೆ ರೊಟ್ಟಿ. ಇರಲಿ, ಹಂಚಾದರೂ ಬಿಸಿಯಿದೆ. ಮಂತ್ರಿಗಳು ಬಂದಿದ್ದರಾ?

ನಾನು: ಕುಮಾರಸ್ವಾಮಿಯವರು ಉಕ್ಕು ಮಂತ್ರಿಯಾದ ತಿಂಗಳೇ ಬಂದು ನೋಡಿದರು, 2024ರ ಜೂನ್‌ನಲ್ಲಿ. ಉಳಿಸುತ್ತೇವೆ ಅಂದರು. ಕೋಟಿಗಳ ಮಾತೂ ನಡೆಯಿತು.

ಪೈಪು: ಹೊಲದ ಮಾತು?

ನಾನು: ಅಜ್ಜೀ, ನಿಮ್ಮದು ಒಂದೇ ರಾಗ.

ಪೈಪು: ನಿನ್ನದೇನು ಹತ್ತು ರಾಗವಾ? ನಿನ್ನದು ರೈಲು, ನನ್ನದು ಹೊಲ. ನಿನ್ನ ರೈಲಿನ ಹಳಿಯಾದರೂ ಯಾತರದ್ದು? ಉಕ್ಕಿನದ್ದೇ ತಾನೇ?

ನಾನು: ಹಳಿ ಭಿಲಾಯಿಯಿಂದ ಬರುತ್ತದೆ.

ಪೈಪು: ನೋಡು! ಅವರಿಗೆ ಗಣಿ ಇದೆ.

ಅಷ್ಟರಲ್ಲಿ ಭಾಯ್ ಚಹಾ ಮುಗಿಸಿ ಬಂದರು. ಇಬ್ಬರು ಹುಡುಗರು ಪೈಪನ್ನು ಎತ್ತಿ ತೂಕದ ಮೇಲಿಟ್ಟರು. ತುಂಬಾ ಭಾರ, ಹಳೇ ಮಾಲು, ಈಗಿನವು ಹೀಗೆ ಬರುವುದಿಲ್ಲ ಎಂದು ಭಾಯ್ ಹೊಗಳಿದರು. ಹೊಗಳಿಕೆಗೆ ದರದಲ್ಲಿ ಪೈಸೆಯೂ ಹೆಚ್ಚಾಗಲಿಲ್ಲ.

ಇನ್ನೆಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಗುಜರಿಯೆಲ್ಲ ಲಾರಿ ತುಂಬಿ ಹೋಗುತ್ತದೆ, ಎಲ್ಲೋ ಕರಗಿಸಿ ಮತ್ತೆ ಕಬ್ಬಿಣ ಮಾಡುತ್ತಾರೆ ಅಂದರು. ಭದ್ರಾವತಿಗೋ ಅಂದೆ. ಭಾಯ್ ನನ್ನ ಮುಖ ನೋಡಿ ನಕ್ಕರು. ನಮ್ಮೂರಿಂದ ಶಿಕಾರಿಪುರ, ಶಿವಮೊಗ್ಗ ದಾಟಿ ಭದ್ರಾವತಿಗೆ ಹೆಚ್ಚೆಂದರೆ ತೊಂಬತ್ತು ಕಿಲೋಮೀಟರು. ಮುದುಕಿಯನ್ನು ಸಾಯುವ ಮುಂಚೆ ಒಂದು ಸಲ ತವರಿಗೆ ಕರೆದುಕೊಂಡು ಹೋಗಿ ಬರಬಹುದಿತ್ತು. ಬೆಳಗ್ಗೆ ಒಂದು ಪ್ಯಾಸೆಂಜರ್ ಗಾಡಿ ಇದ್ದಿದ್ದರೆ.

ಶಿರಾಳಕೊಪ್ಪಕ್ಕೆ ರೈಲು ಬೇಕೆನ್ನುವ ಮನವಿಪತ್ರ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿಟ್ಟಿದ್ದೇನೆ. ಭದ್ರಾವತಿಗೆ ಗಣಿ ಕೊಡಿ ಎನ್ನುವ ಸಾಲನ್ನೂ ಅಜ್ಜಿಯ ಹೆಸರಿನಲ್ಲಿ ಕೊನೆಗೆ ಸೇರಿಸಿದ್ದೇನೆ. ಬಂದು ಸಹಿ ಹಾಕಿ. ಪೆನ್ನು ನೀವೇ ತನ್ನಿ, ಅಲ್ಲಿಟ್ಟಿದ್ದನ್ನು ಯಾರೋ ಒಯ್ದಿದ್ದಾರೆ.