ಜೋಪಾನರಾಯರು

‘ನಮಸ್ಕಾರ’ಕ್ಕೆ ಬದಲಾಗಿ ‘ಓಟಿಪಿ ಯಾರಿಗೂ ಕೊಟ್ಟಿಲ್ಲ ತಾನೆ?’ ಎಂದು ಕೇಳುವವರೊಬ್ಬರು ಬೆಳಗಿನ ಆರಕ್ಕೆಲ್ಲ ಚಾಮುಂಡಿ ಬೆಟ್ಟದ ಪಾದದಲ್ಲಿ ಸಿಕ್ಕೇ ಸಿಗುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಏನಾದರೂ ಇರಲಿ, ಮೆಟ್ಟಿಲು ಹತ್ತುವ ನಮ್ಮ ಬಳಗಕ್ಕೆ ಅವರು ಜೋಪಾನರಾಯರು. ತಲೆಗೆ ಮಂಕಿ ಕ್ಯಾಪು, ಕಾಲಿಗೆ ಮಗ ಅಮೆರಿಕದಿಂದ ತಂದುಕೊಟ್ಟ ಬಿಳೀ ಶೂ, ಕೈಯಲ್ಲಿ ಕೋತಿಗಳಿಗೆಂದು ಒಂದು ಕೋಲು. ಬ್ಯಾಂಕಿನಿಂದ ನಿವೃತ್ತರು. ಯಾವ ಬ್ಯಾಂಕು ಎಂದು ಮಾತ್ರ ಕೇಳಬೇಡಿ. ಕೇಳಿದರೆ ಕಥೆ 1913ರಿಂದ ಶುರುವಾಗುತ್ತದೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಹುಟ್ಟಿದ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿನಲ್ಲಿ ಲೀನವಾದದ್ದು 2017ರ ಏಪ್ರಿಲ್ 1ರಂದು. ಯಾರೋ ಏಪ್ರಿಲ್ ಫೂಲ್ ಮಾಡಿದ್ದಾರೆ, ಇವತ್ತಲ್ಲ ನಾಳೆ ಸರಿಹೋಗುತ್ತದೆ ಎಂದು ರಾಯರು ಇನ್ನೂ ಕಾಯುತ್ತಿದ್ದಾರೆ.

ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಈ ಮೆಟ್ಟಿಲು ಕಟ್ಟಿಸಿದ್ದು ತಾಯಿಯ ಭಕ್ತರಿಗಾಗಿ. ಅವು ಉಪನ್ಯಾಸಕ್ಕೂ ಒದಗುತ್ತವೆ ಎಂದು ಕಂಡುಹಿಡಿದವರು ನಮ್ಮ ರಾಯರು. ಜಾರಿಕೊಳ್ಳಲು ಅಡ್ಡದಾರಿಯಿಲ್ಲ, ಏದುಸಿರು ಬಿಡುವವನಿಗೆ ಎದುರುತ್ತರ ಕೊಡಲು ಬಾಯಿಯಿಲ್ಲ.

ಹೇಳುವುದರಲ್ಲಿ ಒಂದಕ್ಷರ ತಪ್ಪಿಲ್ಲ, ಅದೇ ಕಷ್ಟ. ಯುಪಿಐನಲ್ಲಿ ದುಡ್ಡು ಕೊಡುವವನು ಪಿನ್ ಒತ್ತಬೇಕೇ ಹೊರತು ತೆಗೆದುಕೊಳ್ಳುವವನು ಒತ್ತಬೇಕಾಗಿಲ್ಲ. ಮದುವೆ ಕರೆಯೋಲೆ ಎಂದು ವಾಟ್ಸಾಪಿಗೆ ಬಂದ ಫೈಲಿನ ಬಾಲದಲ್ಲಿ ‘ಎಪಿಕೆ’ ಎಂದಿದ್ದರೆ ಮುಟ್ಟಕೂಡದು. ಮುಟ್ಟಿದರೆ ಮದುವೆ ನಮ್ಮದೇ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಿಂದ ಬೆರಳಚ್ಚು ಕದ್ದು, ಆಧಾರ್ ಮೂಲಕ ಖಾತೆಗಳಿಂದ ಹಣ ಎಳೆದರಲ್ಲ, ಆದ್ದರಿಂದ ಆಧಾರಿನ ಬಯೋಮೆಟ್ರಿಕ್ ಲಾಕ್ ಮಾಡಿಡಬೇಕು. ಮೋಸ ಹೋದದ್ದು ತಿಳಿದ ಕೂಡಲೇ, ದುಡ್ಡು ಆ ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ, 1930ಕ್ಕೆ ಫೋನ್ ಮಾಡಬೇಕು. ಬ್ಯಾಂಕಿಗೂ ತಿಳಿಸಬೇಕು. ನಾವೇ ಗುಟ್ಟು ಬಿಟ್ಟುಕೊಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ಪೂರ್ತಿ ನಮ್ಮ ತಲೆಗೆ ಎಂದು ರಿಸರ್ವ್ ಬ್ಯಾಂಕು 2017ರ ಜುಲೈನಲ್ಲೇ ಸುತ್ತೋಲೆ ಹೊರಡಿಸಿದೆ.

ಆ ಸುತ್ತೋಲೆಯನ್ನು ವಿವರಿಸುತ್ತ ವಿವರಿಸುತ್ತಲೇ ರಾಯರ ಒಂದೊಂದೇ ಗುಟ್ಟು ಮೆಟ್ಟಿಲಿಳಿಯುತ್ತದೆ. ಹುಟ್ಟಿದ್ದು ವಿಜಯದಶಮಿಯ ದಿನ, ಇಸವಿ ಸಮೇತ. ತಾಯಿಯ ತವರು. ಪಿಂಚಣಿ ಬೀಳುವ ಶಾಖೆ. ಎಫ್‌ಡಿ ಯಾವ ತಿಂಗಳು ಕೈಗೆ ಬರುತ್ತದೆ, ಅದಕ್ಕೆ ನಾಮಿನಿ ಯಾರು, ಮಗನ ಮನೆಗೆ ಹೊರಟರೆ ಇಲ್ಲಿನ ಮನೆಗೆ ಎಷ್ಟು ದಿನ ಬೀಗ. ನಂದಿ ಬರುವ ಹೊತ್ತಿಗೆ ಗುಂಪು ಇನ್ನೂ ಹತ್ತಿರವಾಗಿರುತ್ತದೆ, ದನಿ ಇನ್ನೂ ಕೆಳಗಿಳಿಯುತ್ತದೆ. ‘ಪಿನ್ನು ಮರೆತುಹೋಗೋ ಥರ ಇಡಬಾರದು ಕಣ್ರೀ. ಈ ಬೆಟ್ಟಕ್ಕೆ ಎಷ್ಟು ಮೆಟ್ಟಿಲು ಅಂತಾರೋ ಅದೇ ನಂದು. ಯಾರ್ಗೂ ಹೇಳ್ಬೇಡಿ, ಆಯ್ತಾ?’ ಸಾವಿರದೆಂಟು ಮೆಟ್ಟಿಲು ಎಂಬುದು ಮೈಸೂರಿನ ಹಸುಗೂಸಿಗೂ ಗೊತ್ತು. ಕೂತು ಎಣಿಸಿದವರ ಲೆಕ್ಕ ಒಬ್ಬರದೊಂದಾಗುತ್ತದೆ. ಅಷ್ಟರ ಮಟ್ಟಿಗೆ ಅವರ ಖಾತೆ ಭದ್ರ.

ಇದಾವುದೂ ಗೊತ್ತಿಲ್ಲದವರೆಂದರೆ ರಾಯರ ಮನೆಯವರು ಒಬ್ಬರೇ. ‘ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲಲ್ಲ’ ಎಂದು ಪಾಸ್‌ಬುಕ್ಕನ್ನು ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದಾರೆ.

ನಂದಿಯ ಹತ್ತಿರ ಎಳನೀರು ಮಾರುವ ಹೆಂಗಸಿಗೂ ರಾಯರು ಪಾಠ ಹೇಳಲು ಹೋದರು. ದುಡ್ಡು ಹಾಕಿದ ಹಾಗೆ ಮೊಬೈಲಿನಲ್ಲಿ ಸುಳ್ಳು ಚಿತ್ರ ತೋರಿಸಿ ಹೋಗುವವರಿದ್ದಾರೆ, ಜೋಪಾನ. ಆಕೆ ಕಾಯಿ ಕೆತ್ತುವುದನ್ನು ನಿಲ್ಲಿಸಲಿಲ್ಲ. ‘ಪಟ ಯಾರು ನೋಡ್ತರೆ ಬುಡಿ ಸ್ವಾಮಿ. ಡಬ್ಬ ಕೂಗಿದ್ರೆ ದುಡ್ಡು ಬಂತು, ಕೂಗ್ನಿಲ್ಲ ಅಂದ್ರೆ ಮಚ್ಚು ಇಲ್ಲೇ ಅದೆ.’ ಇಷ್ಟು ಚಿಕ್ಕದಾದ ಸುತ್ತೋಲೆ ರಿಸರ್ವ್ ಬ್ಯಾಂಕಿನಿಂದಲೂ ಹೊರಟಿರಲಾರದು.

ಮೋಸ ಹೋಗುವವರು ಏನೂ ತಿಳಿಯದವರು ಎಂಬ ನಂಬಿಕೆ ಎಲ್ಲರಲ್ಲೂ ಇದೆ. ನನಗೆ ಹಾಗನ್ನಿಸುವುದಿಲ್ಲ. ರಾಯರಿಗೆ ತಿಳಿಯದ್ದು ಏನಿದೆ? ಆದರೆ ಭಾನುವಾರ ಫೋನ್ ಮಾಡುವ ಮಗ ‘ಊಟ ಆಯ್ತಾ ಅಪ್ಪ’ ಎನ್ನುವುದರೊಳಗೆ ಅವನಿಗೆ ಮೀಟಿಂಗು. ಬ್ಯಾಂಕಿಗೆ ಹೋದರೆ ಕೌಂಟರಿನ ಹುಡುಗಿ ತಲೆಯೆತ್ತದೆ ‘ಆ್ಯಪಲ್ಲೇ ಮಾಡ್ಕೊಳಿ ಅಂಕಲ್’ ಎನ್ನುತ್ತಾಳೆ. ಸೀಟು ಬಿಟ್ಟ ದಿನದಿಂದ ಅವರನ್ನು ‘ಸರ್’ ಎಂದು ಕರೆದು, ಮುಂದೇನಾಯಿತು ಎಂದು ಕೇಳುವವನು ಊರಲ್ಲಿ ಒಬ್ಬನೂ ಉಳಿದಿಲ್ಲ. ಹಾಗೆ ಕೇಳುವ ತಾಳ್ಮೆ ಈಗ ಇರುವುದು ಕಳ್ಳರಿಗೆ ಮಾತ್ರ.

ಕಳೆದ ಆಷಾಢದ ಜನಜಂಗುಳಿ ಕರಗಿದ ಮೇಲೆ ಅಂಥವನೊಬ್ಬ ವಿಡಿಯೋ ಕಾಲಿನಲ್ಲಿ ಬಂದ. ಖಾಕಿ ಬಟ್ಟೆ, ಹಿಂದೆ ಮುಂಬೈ ಪೊಲೀಸರ ಬೋರ್ಡು. ನಿಮ್ಮ ಆಧಾರ್ ನಂಬರಿನ ಪಾರ್ಸಲಿನಲ್ಲಿ ಮಾದಕ ವಸ್ತು ಸಿಕ್ಕಿದೆ ಸರ್, ನೀವು ಡಿಜಿಟಲ್ ಅರೆಸ್ಟ್, ಕ್ಯಾಮೆರಾ ಬಿಟ್ಟು ಏಳಕೂಡದು. ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ ಎಂದು ರಾಯರಿಗೆ ಚೆನ್ನಾಗಿ ಗೊತ್ತು. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಗಳು ನಮ್ಮ ವಿಜಯಪುರದ ಒಬ್ಬರಿಗೆ ಬಂದಿದ್ದ ಇಂಥದೇ ಕರೆಯನ್ನು ಕೇಳಿಸಿದ್ದನ್ನು ಮೆಟ್ಟಿಲ ಮೇಲೆ ನಮಗೆ ಬಾಯಿಪಾಠ ಮಾಡಿಸಿದವರೇ ಅವರು. ಕಟ್ ಮಾಡಬೇಕಿತ್ತು. ಆದರೆ ಅವನು ‘ಸರ್’ ಎಂದುಬಿಟ್ಟಿದ್ದ. ಮೇಲೆ, ‘ನಿಮ್ಮ ಖಾತೆಗಳ ಬಗ್ಗೆ ಮೊದಲಿನಿಂದ ಎಲ್ಲವನ್ನೂ ಹೇಳಿ’ ಎಂದೂ ಅಂದ.

ರಾಯರು 1913ರಿಂದ ಶುರು ಮಾಡಿದರು. ಬ್ಯಾಂಕಿನ ಹಿಂದಿ ದಿವಸದಲ್ಲಿ ಬಹುಮಾನ ಬಂದಿದ್ದ ಹಿಂದಿಗೆ ಅಂತೂ ಒಬ್ಬ ಶ್ರೋತೃ ದೊರಕಿದ್ದ. ಲೆಡ್ಜರು ಬರೆದ ಕಾಲ, ನಂಜನಗೂಡಿಗೆ ವರ್ಗವಾದದ್ದು, ಹನ್ನೊಂದು ರೂಪಾಯಿ ಟ್ಯಾಲಿ ಆಗದೆ ಇಡೀ ರಾತ್ರಿ ಕೂತದ್ದು. ಆ ಕಡೆಯವನು ನಡುವೆ ‘ಬ್ಯಾಲೆನ್ಸ್ ಕಿತನಾ ಹೈ ಸರ್’ ಎಂದಾಗಲೆಲ್ಲ ‘ಅದಕ್ಕೇ ಬರ್ತಿದೀನಿ, ತಾಳಿ’ ಎಂದು ಗದರಿದರು. ಮನೆಯವರು ಕಾಫಿ ತಂದಿಟ್ಟು ‘ಯಾರೂಂದ್ರೆ ಅದು?’ ಎಂದರು. ‘ಪೊಲೀಸ್ನೋರು ಕಣೇ. ಒಳ್ಳೇ ಮನುಷ್ಯ, ಪಾಪ.’

ಕಥೆ 1986ಕ್ಕೆ ಬರುವಾಗ ಕರೆ ಕಡಿದುಹೋಯಿತು. ಸಿಗ್ನಲ್ ಇರಲಾರದು ಎಂದುಕೊಂಡು ರಾಯರೇ ವಾಪಸ್ ಫೋನ್ ಮಾಡಿದರು. ಮತ್ತೆ ಮಾಡಿದರು. ರಾತ್ರಿ ಊಟವಾದ ಮೇಲೂ ಮಾಡಿದರು.

ಮಾರನೆಯ ದಿನ ಪಾದದಲ್ಲಿ ಓಟಿಪಿಯ ವಿಚಾರಣೆಯಿಲ್ಲ. ಮೊಬೈಲನ್ನು ನಮ್ಮ ಮೂಗಿನ ಹತ್ತಿರ ಹಿಡಿದು ನಿಂತಿದ್ದರು. ‘ನೋಡ್ರೀ, ನನ್ನನ್ನ ಬ್ಲಾಕ್ ಮಾಡ್ಬಿಟ್ಟಿದಾನೆ! ಇನ್ನೂ ಎಫ್‌ಡಿ ವಿಚಾರಕ್ಕೇ ಬಂದಿರಲಿಲ್ಲ ನಾನು!’