ಬಾಕಿದಾರನ ಪತ್ರವ್ಯವಹಾರ

ಇಂಗ್ಲೆಂಡಿನ ಸ್ಥಳೀಯಾಡಳಿತ ಸಂಸ್ಥೆಗಳು, ಅಂದರೆ ಅಲ್ಲಿನವರು ಕೌನ್ಸಿಲ್ ಎಂದು ಕರೆಯುವ ನಗರಸಭೆ ಮತ್ತು ಜಿಲ್ಲಾಸಭೆಗಳು, ತಮ್ಮ ವ್ಯಾಪ್ತಿಯ ವಾಸದ ಮನೆಗಳ ಮೇಲೆ ವರ್ಷಕ್ಕೊಮ್ಮೆ ವಿಧಿಸುವ ತೆರಿಗೆಗೆ ಕೌನ್ಸಿಲ್ ಟ್ಯಾಕ್ಸ್ ಎಂದು ಹೆಸರು. ಕಸ ಎತ್ತುವುದು, ಬೀದಿದೀಪ ಉರಿಸುವುದು, ಗ್ರಂಥಾಲಯ ನಡೆಸುವುದು, ಅಶಕ್ತ ವೃದ್ಧರ ಆರೈಕೆ ಮೊದಲಾದ ಕೆಲಸಗಳು ಈ ಹಣದಿಂದ ನಡೆಯುತ್ತವೆ. ಆದರೆ ಈ ತೆರಿಗೆಯಿಂದ ನಡೆಯುವ ಇನ್ನೊಂದು ಮಹತ್ಕಾರ್ಯ ಯಾವ ಆಯವ್ಯಯ ಪತ್ರದಲ್ಲೂ ನಮೂದಾಗುವುದಿಲ್ಲ. ಸಕಾಲದಲ್ಲಿ ಹಣ ಕಟ್ಟದೆ ಉಳಿದ ಬಾಕಿದಾರನನ್ನು ಉದ್ದೇಶಿಸಿ ಕ್ರಮಬದ್ಧವಾಗಿ, ಕಂತುಕಂತಾಗಿ, ಉತ್ತರೋತ್ತರ ಗಾಂಭೀರ್ಯದಿಂದ ಹೊರಬೀಳುವ ಆ ಪತ್ರಮಾಲೆ ಗದ್ಯಸಾಹಿತ್ಯದ ಒಂದು ಪ್ರಕಾರವೇ ಆಗಿದ್ದು, ವಿಮರ್ಶಕರ ಗಮನಕ್ಕೆ ಇನ್ನೂ ಬಂದಂತಿಲ್ಲ. ಪತ್ರ ತಲುಪಿದ ವಿಮರ್ಶಕರು ಬಹುಶಃ ಸ್ವತಃ ಬಾಕಿದಾರರಾಗಿದ್ದುದರಿಂದ ಲಕೋಟೆಯನ್ನು ಒಡೆದಿರಲಿಕ್ಕಿಲ್ಲ.

ಈ ತೆರಿಗೆ ಹುಟ್ಟಿದ್ದು ಒಂದು ದೊಡ್ಡ ಜಗಳದ ನಂತರದ ರಾಜಿಯಾಗಿ. ಮಾರ್ಗರೆಟ್ ಥ್ಯಾಚರ್ ಅವರ ಸರ್ಕಾರ 1989ರಲ್ಲಿ ಸ್ಕಾಟ್ಲೆಂಡಿನಲ್ಲೂ 1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲೂ ‘ಕಮ್ಯೂನಿಟಿ ಚಾರ್ಜ್’ ಎಂಬ ತಲೆಗಂದಾಯವನ್ನು ತಂದಿತು. ಮಹಲಿನವನಿಗೂ ಮೂಲೆಕೋಣೆಯವನಿಗೂ ತಲೆಗೆ ಇಷ್ಟೆಂದು ಒಂದೇ ದರ ವಿಧಿಸುವ ಇಂಥದೇ ಪ್ರಯೋಗವು 1381ರಲ್ಲಿ ರೈತರ ದಂಗೆಗೆ ಕಾರಣವಾಗಿತ್ತೆಂಬುದು ಆರು ಶತಮಾನಗಳ ಅವಧಿಯಲ್ಲಿ ಕಡತದಿಂದ ಜಾರಿಹೋಗಿದ್ದಿರಬೇಕು. 1990ರ ಮಾರ್ಚ್ 31ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಗಲಭೆಯಾಯಿತು, ಅದೇ ವರ್ಷದ ನವೆಂಬರಿನಲ್ಲಿ ಪ್ರಧಾನಿ ಅಧಿಕಾರ ಬಿಟ್ಟರು, 1993ರ ಏಪ್ರಿಲ್‌ನಿಂದ ತಲೆಯ ಬದಲು ಮನೆಯನ್ನು ಆಧಾರವಾಗಿಟ್ಟುಕೊಂಡ ಕೌನ್ಸಿಲ್ ಟ್ಯಾಕ್ಸ್ ಜಾರಿಗೆ ಬಂತು. ಇದರಲ್ಲಿ ಮನೆಗಳನ್ನು ಎ ಇಂದ ಎಚ್‌ವರೆಗೆ ಎಂಟು ದರ್ಜೆಗಳಾಗಿ ವಿಂಗಡಿಸಿ, ಎ ದರ್ಜೆಯ ಮನೆಗೆ ಬೀಳುವುದರ ಮೂರು ಪಟ್ಟು ತೆರಿಗೆಯನ್ನು ಎಚ್ ದರ್ಜೆಯ ಮನೆಗೆ ಹಾಕಲಾಗುತ್ತದೆ. ದರ್ಜೆ ನಿರ್ಧಾರವಾಗುವುದು ಆ ಮನೆ 1991ರ ಏಪ್ರಿಲ್ 1ರಂದು ಮಾರಾಟವಾಗಿದ್ದರೆ ಎಷ್ಟು ಬೆಲೆ ಬರುತ್ತಿತ್ತು ಎಂಬುದರ ಮೇಲೆ. ವೇಲ್ಸ್ ಆಮೇಲೆ 2003ರ ಬೆಲೆಗೆ ಬಂದು ನಿಂತಿತಾದರೂ ಇಂಗ್ಲೆಂಡ್ ಮರುಮೌಲ್ಯಮಾಪನದ ಗೋಜಿಗೆ ಹೋಗಲಿಲ್ಲವಾದ್ದರಿಂದ, ನಿನ್ನೆಯಷ್ಟೇ ಬಣ್ಣ ಬಳಿದ ಹೊಸ ಮನೆಗೂ ಅದು ಹುಟ್ಟುವ ಮೊದಲಿನ ಬೆಲೆಯನ್ನು ಅಧಿಕಾರಿಗಳು ಊಹಿಸಿ ದರ್ಜೆ ಕೊಡುತ್ತಾರೆ. ಪೂರ್ವಜನ್ಮದ ವಿಷಯದಲ್ಲಿ ಯಾವ ಅಭಿಪ್ರಾಯವನ್ನೂ ಹೊಂದಿರದ ಆಡಳಿತವು ಇಟ್ಟಿಗೆ ಗಾರೆಗಳಿಗೆ ಮಾತ್ರ ಅದನ್ನು ಕಡ್ಡಾಯ ಮಾಡಿದೆ.

ಉದ್ಯೋಗಕ್ಕೋ ವ್ಯಾಸಂಗಕ್ಕೋ ಅಲ್ಲಿಗೆ ಹೋದ ಕನ್ನಡಿಗನು ಬಾಕಿದಾರನಾಗುವುದಕ್ಕೆ ದುರುದ್ದೇಶ ಕಾರಣವಾಗಿರುವುದು ವಿರಳ. ಸಾಮಾನ್ಯವಾಗಿ ಅವನನ್ನು ಕೆಡಿಸುವುದು ಊರಿನಿಂದ ಹೊತ್ತುಕೊಂಡು ಹೋದ ತಿಳಿವಳಿಕೆ. ಬೆಂಗಳೂರಿನಲ್ಲಿ ಮನೆ ಕಂದಾಯವೆಂದರೆ ಓನರ್ ತಲೆನೋವು. ಬಾಡಿಗೆದಾರನು ಅಡ್ವಾನ್ಸ್ ಹಣಕ್ಕಾಗಿ, ನೀರಿನ ಬಿಲ್ಲಿಗಾಗಿ, ಮನೆ ಬಿಡುವಾಗ ಕತ್ತರಿಸುವ ಪೇಂಟಿಂಗ್ ಖರ್ಚಿಗಾಗಿ ಜಗಳವಾಡಿರುತ್ತಾನೆಯೇ ಹೊರತು ಕಂದಾಯದ ರಸೀದಿಯನ್ನು ಕಣ್ಣಿಂದ ಕಂಡಿರುವುದಿಲ್ಲ. ಕೌನ್ಸಿಲ್ ಟ್ಯಾಕ್ಸಿನ ಕ್ರಮ ಇದಕ್ಕೆ ತದ್ವಿರುದ್ಧವಾಗಿದ್ದು, ಕೋಣೆಗಳನ್ನು ಬಿಡಿಬಿಡಿಯಾಗಿ ಬಾಡಿಗೆಗೆ ಕೊಟ್ಟಂಥ ಕೆಲವು ಪ್ರಕರಣಗಳನ್ನು ಬಿಟ್ಟರೆ, ತೆರಿಗೆ ಕಟ್ಟಬೇಕಾದವನು ಮನೆಯಲ್ಲಿ ವಾಸವಾಗಿರುವವನೇ. ಹೆಸರು ತಿಳಿಯದಿದ್ದಾಗ ಕೌನ್ಸಿಲ್ ‘ಈ ಮನೆಯ ನಿವಾಸಿಗೆ’ ಎಂದು ಬರೆದು ಕಳಿಸುವ ಲಕೋಟೆಯನ್ನು ಆ ನಿವಾಸಿಯು, ತನ್ನ ಹೆಸರಿಲ್ಲದ್ದರಿಂದ ಇದು ಓನರಿಗೆ ಬಂದದ್ದೇ ಇರಬೇಕೆಂದು ತೀರ್ಮಾನಿಸಿ, ಪರರ ಪತ್ರ ಓದಬಾರದೆಂಬ ಸಂಸ್ಕಾರವನ್ನು ಪಾಲಿಸುತ್ತಾ, ಪಿಜ್ಜಾ ಅಂಗಡಿಯ ಕರಪತ್ರಗಳ ಮಧ್ಯೆ ಜೋಪಾನವಾಗಿ ಇಡುತ್ತಾನೆ.

ವಿದ್ಯಾರ್ಥಿಗಳ ಕಥೆ ಇನ್ನೂ ಸೂಕ್ಷ್ಮವಾದದ್ದು. ಪೂರ್ಣಾವಧಿ ವಿದ್ಯಾರ್ಥಿಗಳು ಮಾತ್ರ ಇರುವ ಮನೆಗೆ ಈ ತೆರಿಗೆಯಿಂದ ಪೂರ್ತಿ ವಿನಾಯಿತಿ ಉಂಟು. ಆದರೆ ಒಂದೇ ಮನೆಯಲ್ಲಿರುವ ನಾಲ್ವರು ಗೆಳೆಯರಲ್ಲಿ ಒಬ್ಬನ ಕೋರ್ಸ್ ಮುಗಿದರೆ ಅವನು ವಿದ್ಯಾರ್ಥಿಯೆಂಬ ಪದವಿಯನ್ನು ಕಳೆದುಕೊಳ್ಳುವುದರಿಂದ, ಮನೆಯ ವಿನಾಯಿತಿ ಹಾರಿಹೋಗಿ, ಒಬ್ಬನೇ ವಯಸ್ಕನಿರುವ ಮನೆಗೆ ಸಲ್ಲುವ ನೂರಕ್ಕೆ 25ರ ರಿಯಾಯಿತಿ ಕಳೆದು, ಉಳಿದ ಮುಕ್ಕಾಲು ಪಾಲು ತೆರಿಗೆಯೂ ಅವನೊಬ್ಬನ ಹೆಸರಿಗೆ ಬೀಳುತ್ತದೆ. ಅಕ್ಕಿಬೇಳೆಯಿಂದ ಇಂಟರ್‌ನೆಟ್‌ವರೆಗೆ ಎಲ್ಲವನ್ನೂ ಪೈಸೆಪೈಸೆ ಲೆಕ್ಕಹಾಕಿ ನಾಲ್ಕು ಪಾಲು ಮಾಡಿಕೊಂಡು ಬಂದ ಗೆಳೆಯರು ಈ ಒಂದು ಬಾಬಿನಲ್ಲಿ ಮಾತ್ರ ಬ್ರಿಟಿಷ್ ಕಾನೂನಿನ ಅಕ್ಷರಶಃ ಅರ್ಥವನ್ನು ಗೌರವಿಸಲು ತೀರ್ಮಾನಿಸುವುದು ಕಂಡುಬರುತ್ತದೆ.

ಇನ್ನು ಪತ್ರಗಳ ಕ್ರಮವನ್ನು ನೋಡಬಹುದು. 1992ರ ನಿಯಮಾವಳಿಯ ಪ್ರಕಾರ ವರ್ಷದ ತೆರಿಗೆಯನ್ನು ಸಾಮಾನ್ಯವಾಗಿ ಏಪ್ರಿಲ್‌ನಿಂದ ಜನವರಿಯವರೆಗೆ ಹತ್ತು ಕಂತುಗಳಲ್ಲಿ ಕಟ್ಟಬೇಕು. ಕಂತೊಂದು ತಪ್ಪಿದರೆ ಬರುವ ಮೊದಲ ಪತ್ರ ರಿಮೈಂಡರ್, ಅಂದರೆ ನೆನಪೋಲೆ. ಇದರ ಧಾಟಿ ಸೌಮ್ಯವಾದದ್ದು. ಸಂಭಾವಿತನಾದ ತಾವು ಮರೆತಿರಬಹುದು ಎಂಬ ಊಹೆಯೇ ಇದರ ಸ್ಥಾಯೀಭಾವ. ಪತ್ರ ಬಂದ ಏಳು ದಿನಗಳಲ್ಲಿ ಹಣ ಸಂದಾಯವಾಗದಿದ್ದರೆ, ಮತ್ತೇಳು ದಿನ ಕಳೆದ ಮೇಲೆ ಕಂತಿನಲ್ಲಿ ಕಟ್ಟುವ ಹಕ್ಕು ಹೋಗಿ, ಇಡೀ ವರ್ಷದ ಉಳಿಕೆ ಮೊತ್ತ ಒಮ್ಮೆಲೇ ಕಟ್ಟತಕ್ಕದ್ದಾಗುತ್ತದೆ. 2025-26ರಲ್ಲಿ ಇಂಗ್ಲೆಂಡಿನ ಡಿ ದರ್ಜೆಯ ಮನೆಯ ಸರಾಸರಿ ತೆರಿಗೆ 2,280 ಪೌಂಡ್ ಆಗಿದ್ದುದರಿಂದ, ಏಪ್ರಿಲ್ ತಿಂಗಳಲ್ಲಿ 228 ಪೌಂಡ್ ಹೊಂದಿಸಲಾಗದವನು ಮೇ ತಿಂಗಳಲ್ಲಿ 2,280 ಪೌಂಡ್ ಹೊಂದಿಸಬೇಕೆಂಬುದು ಇದರ ತಾತ್ಪರ್ಯ. ಮೆಟ್ಟಿಲು ಹತ್ತಲಾರೆನೆಂದವನಿಗೆ ಹಾಗಾದರೆ ಮಹಡಿಗೇ ಹಾರೆಂದು ಹೇಳಿದಂತಿರುವ ಈ ತರ್ಕವು ಅರ್ಥಶಾಸ್ತ್ರದ ಯಾವ ಶಾಖೆಗೆ ಸೇರಿದ್ದೆಂಬುದು ಇನ್ನೂ ನಿಷ್ಕರ್ಷೆಯಾಗಿಲ್ಲ. ಮೊದಲ ನೆನಪೋಲೆಗೆ ಮಣಿದು ಕಟ್ಟಿದವನಿಗೆ ಅದೇ ವರ್ಷದಲ್ಲಿ ಇನ್ನೊಮ್ಮೆ ಮರೆಯುವ ಅವಕಾಶವಿದ್ದು, ಎರಡನೆಯ ನೆನಪೋಲೆ ಬರುತ್ತದೆ. ಮೂರನೆಯ ಮರೆವಿಗೆ ನೆನಪೋಲೆಯಿಲ್ಲ, ‘ಫೈನಲ್ ನೋಟಿಸ್’ ಎಂಬ ಅಂತಿಮ ಸೂಚನೆಯೇ ಬರುತ್ತದೆ.

ಈ ಪತ್ರಗಳಲ್ಲಿ ಎಲ್ಲಿಯೂ ಸಿಟ್ಟಿನ ಸುಳಿವಿರದಿರುವುದು ಓದುಗನನ್ನು ಕಂಗೆಡಿಸುವ ಸಂಗತಿ. ಭಾರತದ ಕೆಲವು ನಗರಾಡಳಿತಗಳು ಬಾಕಿದಾರನ ಬಾಗಿಲ ಮುಂದೆ ತಮಟೆ ಬಾರಿಸಿದ್ದುಂಟು. ತಮಟೆಗೆ ಕನಿಷ್ಠಪಕ್ಷ ಹೊರಗೆ ಬಂದು ಎದುರು ಕೂಗಾಡಬಹುದು, ನಾಲ್ಕು ಜನ ಸೇರುತ್ತಾರೆ, ಅವರಲ್ಲೊಬ್ಬ ಹಿರಿಯರು ‘ಹೋಗಲಿ ಬಿಡಿ ಸ್ವಾಮಿ, ಮುಂದಿನ ತಿಂಗಳು ಕಟ್ಟುತ್ತಾರೆ’ ಎಂದು ರಾಜಿ ಮಾಡಿಸುತ್ತಾರೆ. ಕಂಪ್ಯೂಟರ್ ತಾನೇ ಬರೆದು ತಾನೇ ದಿನಾಂಕ ಹಾಕಿ ಕಳಿಸಿದ ವಿನಯಪೂರ್ವಕ ಪತ್ರದ ಮುಂದೆ ಇಂಥ ಯಾವ ಸಾಮಾಜಿಕ ವ್ಯವಸ್ಥೆಯೂ ನಡೆಯುವುದಿಲ್ಲ.

ಅಂತಿಮ ಸೂಚನೆಗೂ ಉತ್ತರವಿಲ್ಲದಿದ್ದರೆ ಬರುವುದು ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಸಮನ್ಸ್. ಸಮನ್ಸ್ ತಲುಪುವುದಕ್ಕೂ ವಿಚಾರಣೆಗೂ ನಡುವೆ ಕನಿಷ್ಠ 14 ದಿನಗಳ ಅಂತರವಿರಬೇಕು. ಕೋರ್ಟು ಎಂಬ ಶಬ್ದ ಕಂಡೊಡನೆ ಕನ್ನಡಿಗನ ಮನಸ್ಸಿನಲ್ಲಿ ಪೊಲೀಸು, ಕೈಕೋಳ, ಊರಿನಲ್ಲಿರುವ ಅತ್ತೆ ಮಾವ ಎಲ್ಲರೂ ಒಟ್ಟಿಗೇ ಸುಳಿಯುವುದು ಸಹಜವಾದರೂ, ಇದು ಅಪರಾಧದ ಮೊಕದ್ದಮೆಯಲ್ಲ. ಹಾಜರಾಗದವನನ್ನು ಯಾರೂ ಹಿಡಿದು ತರುವುದಿಲ್ಲ, ಅವನ ಗೈರುಹಾಜರಿಯಲ್ಲೇ ಕೆಲಸ ಮುಗಿಯುತ್ತದೆ. ಸಮನ್ಸನ್ನು ಬಹುಮಟ್ಟಿಗೆ ಮುದ್ರಿಸಿ ಅಂಚೆಗೆ ಹಾಕುವುದೂ ಕೌನ್ಸಿಲ್ ಕಚೇರಿಯೇ. ನೂರಾರು ಪ್ರಕರಣಗಳನ್ನು ಒಂದೇ ಬೈಠಕ್ಕಿನಲ್ಲಿ ರಾಶಿಯಾಗಿ ಮಂಡಿಸಲಾಗುತ್ತದೆ, ಬಹುತೇಕ ಸಂಬಳವಿಲ್ಲದೆ ಸೇವೆ ಸಲ್ಲಿಸುವ ಸಾಮಾನ್ಯ ನಾಗರಿಕರೇ ಆದ ಮ್ಯಾಜಿಸ್ಟ್ರೇಟರು ‘ಲಯಬಿಲಿಟಿ ಆರ್ಡರ್’ ಎಂಬ ಹೊಣೆಗಾರಿಕೆ ಆದೇಶವನ್ನು ಹೊರಡಿಸುತ್ತಾರೆ. ಈ ತೆರಿಗೆ ತನ್ನದಲ್ಲ, ಈಗಾಗಲೇ ಕಟ್ಟಿಯಾಗಿದೆ, ಬಿಲ್ಲೇ ಸರಿಯಾಗಿ ಕೊಟ್ಟಿಲ್ಲ ಎಂಬಂಥ ಕೆಲವೇ ವಾದಗಳಿಗೆ ಅಲ್ಲಿ ಬೆಲೆಯುಂಟು. ಕೈಯಲ್ಲಿ ಹಣವಿಲ್ಲ ಎಂಬುದು, ಬಾಕಿದಾರರ ಸಂಕುಲವನ್ನೇ ಒಂದುಗೂಡಿಸುವ ವಾದವಾಗಿದ್ದರೂ, ಕಾನೂನಿನ ದೃಷ್ಟಿಯಲ್ಲಿ ವಾದವೇ ಅಲ್ಲ.

ಕೋರ್ಟಿನ ಖರ್ಚು ಕೂಡ ಬಾಕಿದಾರನ ಲೆಕ್ಕಕ್ಕೇ ಸೇರುತ್ತದೆ. ಈ ಖರ್ಚು ಎಷ್ಟು ಎಂಬ ಸರಳ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ ಕೀರ್ತಿ ರೆವರೆಂಡ್ ಪಾಲ್ ನಿಕೋಲ್ಸನ್ ಎಂಬ ನಿವೃತ್ತ ಪಾದ್ರಿಗೆ ಸಲ್ಲಬೇಕು. ಬಡವರ ಮೇಲೆ ಈ ತೆರಿಗೆಯ ಹೊರೆ ಹೇರಿದ್ದನ್ನು ಪ್ರತಿಭಟಿಸಿ, ಲಂಡನ್ನಿನ ಹ್ಯಾರಿಂಗೇ ಕೌನ್ಸಿಲ್ಲಿಗೆ ಬೇಕೆಂದೇ ತೆರಿಗೆ ಕಟ್ಟದೆ ನಿಂತ ಅವರ ಮೇಲೆ 125 ಪೌಂಡ್ ವೆಚ್ಚ ವಿಧಿಸಿದಾಗ, ಆಗ ನ್ಯಾಯಾಲಯಕ್ಕೆ ಸಲ್ಲುತ್ತಿದ್ದ ಶುಲ್ಕ ಕೇವಲ 3 ಪೌಂಡ್ ಆಗಿರುವಲ್ಲಿ ಉಳಿದದ್ದು ಯಾವ ಬಾಬಿನದೆಂದು ಅವರು ವಿಚಾರಿಸಿದರು. 2015ರಲ್ಲಿ ಹೈಕೋರ್ಟು, ಲೆಕ್ಕದ ವಿವರವನ್ನು ಸರಿಯಾಗಿ ನೋಡದೆ ಮ್ಯಾಜಿಸ್ಟ್ರೇಟರು ಆ ಮೊತ್ತವನ್ನು ಒಪ್ಪಿದ್ದು ಕಾನೂನುಬದ್ಧವಲ್ಲವೆಂದು ತೀರ್ಪಿತ್ತಿತು. ಪತ್ರವನ್ನು ಕೊನೆಯ ಸಾಲಿನವರೆಗೆ ಓದುವ ಬಾಕಿದಾರನು ಆಡಳಿತಕ್ಕೆ ಎಷ್ಟು ಅನನುಕೂಲನಾಗಬಲ್ಲನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಆದೇಶ ಕೈಗೆ ಬಂದ ಮೇಲೆ ಕೌನ್ಸಿಲ್ ಸಂಬಳದಿಂದ ನೇರವಾಗಿ ಮುರಿದುಕೊಳ್ಳಬಹುದು, ಇಲ್ಲವೆ ಪ್ರಕರಣವನ್ನು ‘ಎನ್‌ಫೋರ್ಸ್‌ಮೆಂಟ್ ಏಜೆಂಟ್’ ಎಂಬ ಜಪ್ತಿ ಅಧಿಕಾರಿಗೆ, ನಮ್ಮ ಕಡೆಯ ಮಾತಿನಲ್ಲಿ ಅಮೀನನಿಗೆ, ಒಪ್ಪಿಸಬಹುದು. ಪ್ರಕರಣ ಅವನ ಮೇಜಿಗೆ ಬಂದದ್ದಕ್ಕೆ 75 ಪೌಂಡ್, ಅವನು ಬಾಗಿಲಿಗೆ ಬಂದದ್ದಕ್ಕೆ 235 ಪೌಂಡ್, ಸಾಮಾನನ್ನು ಮಾರಾಟಕ್ಕೆ ಒಯ್ದರೆ 110 ಪೌಂಡ್ ಎಂದು 2014ರಲ್ಲಿ ದರ ಗೊತ್ತುಪಡಿಸಲಾಯಿತು. ಬಾಕಿ 1,500 ಪೌಂಡ್ ಮೀರಿದ್ದರೆ ಮೀರಿದ ಭಾಗಕ್ಕೆ ಕೊನೆಯ ಎರಡು ಹಂತಗಳಲ್ಲಿ ನೂರಕ್ಕೆ ಏಳೂವರೆಯ ದಕ್ಷಿಣೆ ಬೇರೆ. ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ ಮಾತ್ರ ಬರಬೇಕಾದ, ಮೊದಲ ಭೇಟಿಯಲ್ಲಿ ಬಾಗಿಲು ಒಡೆದು ಒಳನುಗ್ಗುವಂತಿಲ್ಲದ ಈ ಅತಿಥಿಯು ಏನನ್ನು ಮುಟ್ಟಬಾರದೆಂಬುದನ್ನೂ ಕಾನೂನು ವಿಧಿಸಿದೆ. ಒಲೆ, ಫ್ರಿಜ್, ಬಟ್ಟೆ ಒಗೆಯುವ ಯಂತ್ರ, ಹಾಸಿಗೆ ಹೊದಿಕೆ, ಸಾಕುಪ್ರಾಣಿ, 1,350 ಪೌಂಡ್ ಮೌಲ್ಯದವರೆಗಿನ ವೃತ್ತಿಯ ಸಲಕರಣೆ ಇವೆಲ್ಲ ಸುರಕ್ಷಿತ. ಊಟದ ಮೇಜಿನ ಸುತ್ತ ಮನೆಮಂದಿ ಕೂರುವಷ್ಟು ಕುರ್ಚಿಗಳನ್ನೂ ಬಿಡಬೇಕು. ಮನೆಮಂದಿಯ ಲೆಕ್ಕಕ್ಕೆ ಮೀರಿದ ಕುರ್ಚಿಗಳಿಗೆ ಈ ರಕ್ಷಣೆಯಿಲ್ಲವಾದ್ದರಿಂದ, ಅತಿಥಿಸತ್ಕಾರಕ್ಕೆ ಹೆಸರಾದ ಕನ್ನಡಿಗ ಕುಟುಂಬಗಳು ಯುಗಾದಿಯ ಪಂಕ್ತಿಯನ್ನು ನೆಲದ ಮೇಲೆ ಹಾಕುವ ಹಳೆಯ ಪದ್ಧತಿಯಲ್ಲಿ ಒಂದು ಕಾನೂನಾತ್ಮಕ ದೂರದೃಷ್ಟಿಯೂ ಅಡಗಿದೆಯೆಂದು ವಾದಿಸಬಹುದು. ಕಟ್ಟಕಡೆಯ ಅಸ್ತ್ರ ಮೂರು ತಿಂಗಳವರೆಗಿನ ಸೆರೆವಾಸ. ವೇಲ್ಸ್ 2019ರಲ್ಲಿ ಇದನ್ನು ಕೈಬಿಟ್ಟಿತು; ಇಂಗ್ಲೆಂಡಿನಲ್ಲಿ ಉಳಿದುಬಂದ ಈ ಶಿಕ್ಷೆಯೂ ಬೇಕೆಂದೇ ನಿರಾಕರಿಸಿದವನಿಗೆ ಅಥವಾ ಅಕ್ಷಮ್ಯ ಅಲಕ್ಷ್ಯ ತೋರಿದವನಿಗೆ ಮಾತ್ರ ಅನ್ವಯಿಸುತ್ತದೆ.

ಬೆಂಗಳೂರಿನ ಅನುಭವ ಕಲಿಸುವ ಪಾಠ ಬೇರೆ ಬಗೆಯದು. 2000ರಲ್ಲಿ ಸ್ವಯಂಘೋಷಣೆಯ ಪದ್ಧತಿಯನ್ನು ತಂದು ಕಂದಾಯದ ಲೆಕ್ಕವನ್ನು ನಾಗರಿಕನ ಕೈಗೇ ಕೊಟ್ಟ ಆ ನಗರದಲ್ಲಿ, ಏಪ್ರಿಲ್ ತಿಂಗಳಲ್ಲೇ ಪೂರ್ತಿ ಕಟ್ಟಿದವನಿಗೆ ನೂರಕ್ಕೆ 5 ರಿಯಾಯಿತಿ ಸಿಗುತ್ತದೆ. ಆದರೆ 2024ರಲ್ಲಿ ‘ಓಟಿಎಸ್’ ಎಂದೇ ಹೆಸರಾದ, ಒಂದೇ ಬಾರಿಗೆ ಬಾಕಿ ತೀರಿಸುವ ಯೋಜನೆ ಬಂದಾಗ ಹಳೆಯ ಬಾಕಿದಾರರ ಬಡ್ಡಿಯೇ ಮನ್ನಾ ಆಯಿತಲ್ಲದೆ, ಜುಲೈ ಅಂತ್ಯದ ಗಡುವು ಕೂಡ ಮುಂದಕ್ಕೆ ಸರಿಯುತ್ತಾ ನವೆಂಬರ್ 30ನ್ನು ಮುಟ್ಟಿತು. ಬೇಗ ಕಟ್ಟಿದವನಿಗೂ ಬಹುಮಾನ, ಬಹಳ ತಡ ಮಾಡಿದವನಿಗೂ ಬಹುಮಾನ ಎಂಬ ಈ ವ್ಯವಸ್ಥೆಯಲ್ಲಿ ನಷ್ಟ ಅನುಭವಿಸುವವನು ಒಂದೆರಡು ತಿಂಗಳು ಮಾತ್ರ ತಡ ಮಾಡಿ ಪಶ್ಚಾತ್ತಾಪಪಟ್ಟ ಮಧ್ಯಮಮಾರ್ಗಿ. ಇಂಥ ಪರಿಸರದಲ್ಲಿ ‘ನೋಡೋಣ ಬಿಡಿ’ ಎಂಬ ತಾಳ್ಮೆಯು ಸದ್ಗುಣವಾಗಿ ಬೆಳೆದದ್ದು ಸಹಜ. ಕೌನ್ಸಿಲ್ ಟ್ಯಾಕ್ಸಿನ ಬಾಕಿಗೆ ಬಡ್ಡಿಯೇ ಇಲ್ಲವಾದ್ದರಿಂದ ಅಲ್ಲಿ ಮನ್ನಾ ಮಾಡಲು ಬಡ್ಡಿಯೂ ಇಲ್ಲ. ಇರುವುದು ಹಂತಕ್ಕೊಂದು ಶುಲ್ಕ, ತಾಳ್ಮೆ ಹೆಚ್ಚಿದಷ್ಟೂ ಏರುವ ಶುಲ್ಕ.

ಇಷ್ಟೆಲ್ಲ ವಿವರಿಸಿದ ಮೇಲೆ ಪರಿಹಾರ ತೀರ ನೀರಸವೆಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಮೊದಲ ನೆನಪೋಲೆಯ ಮೇಲಿರುವ ಸಂಖ್ಯೆಗೆ ಫೋನ್ ಮಾಡಿ, ಈ ತಿಂಗಳು ಇಷ್ಟನ್ನೇ ಕಟ್ಟಬಲ್ಲೆನೆಂದು ಹೇಳಿದರೆ, ಕಂತುಗಳನ್ನು ಹನ್ನೆರಡಕ್ಕೆ ಹಂಚಲು ಅಥವಾ ಬೇರೊಂದು ಏರ್ಪಾಡಿಗೆ ಒಪ್ಪಲು ಕೌನ್ಸಿಲ್ಲಿಗೆ ಅವಕಾಶವಿದೆ. ಸಿಟಿಜನ್ಸ್ ಅಡ್ವೈಸ್‌ನಂಥ ಸಂಸ್ಥೆಗಳು ಉಚಿತವಾಗಿ ಸಲಹೆ ಕೊಡುತ್ತವೆ. 2021ರ ಮೇ ತಿಂಗಳಿಂದ ಜಾರಿಯಲ್ಲಿರುವ ‘ಬ್ರೀದಿಂಗ್ ಸ್ಪೇಸ್’ ಎಂಬ ಯೋಜನೆಯಡಿ ಸಾಲದ ಸಲಹೆಗಾರರ ಮೂಲಕ ಅರ್ಜಿ ಹಾಕಿದವರಿಗೆ 60 ದಿನ ಅಮೀನನ ಕಾಟ ತಪ್ಪಬಹುದು. ಆದಾಯ ಕಡಿಮೆಯಿರುವವರಿಗೆ ‘ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್’ ಎಂಬ ತೆರಿಗೆ ಕಡಿತವೂ ಉಂಟಾದರೂ, ಅದು ಸರ್ಕಾರಿ ನೆರವಿನ ಪಟ್ಟಿಗೆ ಸೇರಿರುವುದರಿಂದ, ಅಂಥ ನೆರವು ಪಡೆಯಬಾರದೆಂಬ ಷರತ್ತಿನ ವೀಸಾದಲ್ಲಿರುವವರು ಅದರ ಅರ್ಜಿಗೆ ಕೈಹಾಕುವ ಮುನ್ನ ತಿಳಿದವರನ್ನು ಕೇಳಬೇಕು. ಒಂಟಿ ವಾಸಿಗೆ ಸಿಗುವ ನೂರಕ್ಕೆ 25ರ ರಿಯಾಯಿತಿಗೆ ಈ ತೊಡಕಿಲ್ಲ.

ಹೀಗೆ ಬಾಕಿದಾರನ ಬಡತನಕ್ಕೂ ಮರೆವಿಗೂ ಮೊಂಡುತನಕ್ಕೂ ಒಂದೊಂದು ಬಗೆಯ ಪತ್ರವನ್ನು ಸಿದ್ಧವಾಗಿಟ್ಟಿರುವ ವ್ಯವಸ್ಥೆಯು, ಸಕಾಲದಲ್ಲಿ ಕಟ್ಟಿದವನನ್ನು ಉದ್ದೇಶಿಸಿ ವರ್ಷದ ಬಿಲ್ಲಿನ ಹೊರತು ಒಂದು ಸಾಲನ್ನೂ ಬರೆಯುವುದಿಲ್ಲ. ಧನ್ಯವಾದದ ಚೀಟಿಯನ್ನು ಕೂಡ ಅವನಿಗೆ ಯಾರೂ ಕಳಿಸುವುದಿಲ್ಲ. ಲಂಡನ್ನಿರಲಿ, ಬೆಂಗಳೂರಿರಲಿ, ಸ್ಥಳೀಯ ಸರ್ಕಾರವೊಂದು ತನ್ನ ಪ್ರಜೆಗೆ ಸಲ್ಲಿಸಬಹುದಾದ ಪರಮೋಚ್ಚ ಗೌರವ ಬಹುಶಃ ಈ ಸಂಪೂರ್ಣ ಅಲಕ್ಷ್ಯವೇ ಇರಬೇಕು.